ಡೈರಿಗಿಂತ ಮೊದಲು ಮನೆಗೆ ಮುಕ್ಕಾಲು ಲೀಟರ್: ಓವನ್ ಇಲ್ಲದೆ ಹಾಲಿನ ಮ್ಯಾಕರೋನಿ



ಸಂಜೆ ಹಾಲು ಕರೆದು, ಕ್ಯಾನ್ ಹಿಡಿದು ಸಂಘಕ್ಕೆ ಹೋಗಿ, ಫ್ಯಾಟ್ ಮತ್ತು ಡಿಗ್ರಿ ನೋಡಿಸಿ ಚೀಟಿ ತೆಗೆದುಕೊಂಡು ಮನೆಗೆ ಬರುವ ಹೊತ್ತಿಗೆ ಏಳು ಗಂಟೆ ದಾಟಿರುತ್ತದೆ. ಆಮೇಲೆ ರಾತ್ರಿಯ ಮೇವು, ನೀರು, ಪಾತ್ರೆ ತೊಳೆಯುವುದು. ಇಷ್ಟರ ಮಧ್ಯೆ ಅಡುಗೆ ಆಗಬೇಕು. ಮಕ್ಕಳದ್ದು ಬೇರೆ ತಕರಾರು: "ಇವತ್ತೂ ಅನ್ನ ಸಾರೇನಾ?" ಊರಿನ ಚಿಲ್ಲರೆ ಅಂಗಡಿಯಲ್ಲೂ ಈಗ ಮ್ಯಾಕರೋನಿ ಪ್ಯಾಕೆಟ್ ಸಿಗುತ್ತದೆ. ಮೊಬೈಲಿನಲ್ಲಿ ನೋಡಿದ ಪಾಸ್ತಾ ಮಾಡಿಕೊಡು ಎಂದು ಮಕ್ಕಳು ಕೇಳುತ್ತಾರೆ. ಅದನ್ನು ಮಾಡಲು ಬೇಕಾದ ಮುಖ್ಯ ಪದಾರ್ಥ ನಿಮ್ಮ ಕೊಟ್ಟಿಗೆಯಲ್ಲೇ ಇದೆ.

ಪಶುವೈದ್ಯರಿಗೆ ಅಡುಗೆ ಮನೆಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಚಿಕಿತ್ಸೆಗೆಂದು ಹೋದ ಎಷ್ಟೋ ಮನೆಗಳಲ್ಲಿ ದಿನಕ್ಕೆ ಹತ್ತು ಹದಿನೈದು ಲೀಟರ್ ಹಾಲು ಡೈರಿಗೆ ಹೋಗುತ್ತದೆ, ಮನೆಯವರು ಮಾತ್ರ ಕಪ್ಪು ಟೀ ಕುಡಿಯುತ್ತಾರೆ. ಪೂರ್ತಿ ಹಾಲು ಅಳೆದುಕೊಟ್ಟರೆ ಬಿಲ್ಲು ಜಾಸ್ತಿ ಬರುತ್ತದೆ ಎಂಬ ಲೆಕ್ಕ. ಲೆಕ್ಕವೇನೋ ಸರಿ, ಆದರೆ ಆ ಲೆಕ್ಕದಲ್ಲಿ ಮಕ್ಕಳ ಮೂಳೆ, ಬಾಣಂತಿಯ ಶಕ್ತಿ, ವಯಸ್ಸಾದ ಅತ್ತೆಯವರ ಮಂಡಿ ಇವ್ಯಾವುವೂ ಬರುವುದಿಲ್ಲ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ 150 ಮಿ.ಲೀ. ಹಾಲು ಸಿಗುತ್ತದೆ. ಅದು ನೀವು ಹಾಕಿದ ಹಾಲೇ ಪುಡಿಯಾಗಿ ಮತ್ತೆ ಹಾಲಾಗಿ ಬಂದಿರುವುದು. ಹಾಲು ಕರೆಯುವ ಮನೆಯಲ್ಲೇ ಮಗುವಿಗೆ ಶಾಲೆಯ ಹಾಲೊಂದೇ ಗತಿ ಎಂದಾಗಬಾರದು.

ಲೋಟದ ಹಾಲೆಂದರೆ ಮುಖ ತಿರುಗಿಸುವ ಮಕ್ಕಳೂ ಹಾಲಿನ ಸಾಸ್‌ನಲ್ಲಿ ಬೆಂದ ಮ್ಯಾಕರೋನಿಯನ್ನು ತಟ್ಟೆ ನೆಕ್ಕಿ ತಿನ್ನುತ್ತವೆ. ಐದು ಜನರ ಊಟಕ್ಕೆ ಬೇಕಾದ ಹಾಲು ಮುಕ್ಕಾಲು ಲೀಟರ್. ನಮ್ಮ ಹಸುವಿನ ಹಾಲಿನಲ್ಲಿ 100 ಮಿ.ಲೀ.ಗೆ ಸುಮಾರು 120 ಮಿ.ಗ್ರಾಂ ಕ್ಯಾಲ್ಸಿಯಂ ಮತ್ತು ಮೂರು ಗ್ರಾಂಗಿಂತ ಸ್ವಲ್ಪ ಹೆಚ್ಚು ಪ್ರೋಟೀನ್ ಇರುತ್ತದೆ. ಅಂದರೆ ಈ ಹಾಲಿನಿಂದಲೇ ಒಬ್ಬೊಬ್ಬರ ತಟ್ಟೆಗೆ ಸುಮಾರು 180 ಮಿ.ಗ್ರಾಂ ಕ್ಯಾಲ್ಸಿಯಂ ಬರುತ್ತದೆ. ಹತ್ತು ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ ಬೇಕಾದ 850 ಮಿ.ಗ್ರಾಂನಲ್ಲಿ ಇದು ಐದನೇ ಒಂದು ಪಾಲು. ಪನೀರ್ ಸೇರಿದರೆ ಇನ್ನೂ ಹೆಚ್ಚು.

ಇದು ಎಲ್ಲಿಯ ಅಡುಗೆ?

ಪಾಸ್ತಾ ಇಟಲಿಯವರದ್ದು. ಗಟ್ಟಿ ಗೋಧಿಯ ರವೆ ಕಲಸಿ, ಅಚ್ಚಿನಲ್ಲಿ ಒತ್ತಿ, ಒಣಗಿಸಿದ್ದು. ನಮ್ಮ ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಮಾಡಿ ಒಣಗಿಸುವ ಗೋಧಿ ಶಾವಿಗೆಯ ದೂರದ ನೆಂಟ ಎನ್ನಬಹುದು. ಬೇಯಿಸಿದ ಪಾಸ್ತಾಗೆ ಸಾಸ್, ಚೀಸ್ ಸೇರಿಸಿ ಓವನ್‌ನಲ್ಲಿ ಮತ್ತೆ ಬೇಯಿಸಿದರೆ ಅದಕ್ಕೆ ಅಲ್ಲಿ 'ಪಾಸ್ತಾ ಅಲ್ ಫೋರ್ನೊ' ಎನ್ನುತ್ತಾರೆ. ಉತ್ತರ ಇಟಲಿಯ ಎಮಿಲಿಯಾ-ರೊಮಾನ್ಯ ಪ್ರಾಂತ್ಯದಲ್ಲಿ ಈ ಅಡುಗೆಗೆ ಬೆಣ್ಣೆ, ಮೈದಾ, ಹಾಲಿನ ಬಿಳಿ ಸಾಸ್ ಬಳಸುತ್ತಾರೆ.

ಆ ಸೀಮೆ ನಮ್ಮಂತೆಯೇ ಹೈನುಗಾರರ ಸೀಮೆ. ಅಲ್ಲಿಯ ಪಾರ್ಮಿಜಾನೊ ರೆಜ್ಜಾನೊ ಎಂಬ ಚೀಸ್‌ನ ಸುಮಾರು 40 ಕೆ.ಜಿ.ಯ ಒಂದು ಚಕ್ರಕ್ಕೆ 550 ಲೀಟರ್‌ನಷ್ಟು ಹಾಲು ಬೇಕು. ಕನಿಷ್ಠ 12 ತಿಂಗಳು ಮಾಗಿಸುತ್ತಾರೆ. ಅದನ್ನು ತಯಾರಿಸುವ ಎಷ್ಟೋ ಡೈರಿಗಳು ರೈತರ ಸಹಕಾರ ಸಂಘಗಳೇ. ಹಾಲು ಮಾರುವ ಆ ರೈತರ ಮನೆಯ ಊಟದಲ್ಲಿ ಹಾಲು, ಬೆಣ್ಣೆ, ಚೀಸ್ ಇದ್ದೇ ಇರುತ್ತವೆ. ನಾವು ಕಲಿಯಬೇಕಾದ್ದು ಅಡುಗೆಯ ಜೊತೆಗೆ ಆ ಅಭ್ಯಾಸವನ್ನೂ.

ಬೇಕಾಗುವ ಸಾಮಾನು (ಐದು ಜನರಿಗೆ)

ಮ್ಯಾಕರೋನಿ – 250 ಗ್ರಾಂ
ಕಾಯಿಸಿ ಆರಿಸಿದ ಹಾಲು – ಮುಕ್ಕಾಲು ಲೀಟರ್
ಮನೆಯ ಬೆಣ್ಣೆ – 4 ದೊಡ್ಡ ಚಮಚ, ಮೇಲುದುರಿಗೆ ಇನ್ನೊಂದು ಚಮಚ
ಮೈದಾ – 4 ದೊಡ್ಡ ಚಮಚ
ಪನೀರ್ – 150 ಗ್ರಾಂ, ತುರಿದದ್ದು
ಈರುಳ್ಳಿ 1, ಬೆಳ್ಳುಳ್ಳಿ 5–6 ಎಸಳು
ಕ್ಯಾರೆಟ್, ಬೀನ್ಸ್, ಬಟಾಣಿ, ದಪ್ಪ ಮೆಣಸಿನಕಾಯಿ – ಎಲ್ಲ ಸೇರಿ ಎರಡು ಬಟ್ಟಲು
ಕಾಳುಮೆಣಸಿನ ಪುಡಿ – 1 ಚಿಕ್ಕ ಚಮಚ
ಒಣಮೆಣಸಿನಕಾಯಿ ತರಿ, ಉಪ್ಪು – ರುಚಿಗೆ
ರಸ್ಕ್ ಅಥವಾ ಒಣ ಬ್ರೆಡ್ ಪುಡಿ – ಅರ್ಧ ಬಟ್ಟಲು

ಒಂದು ಲೀಟರ್ ಹಸುವಿನ ಹಾಲು ಕುದಿಸಿ, ಇಳಿಸಿ, ನಿಂಬೆರಸ ಹಿಂಡಿ ಒಡೆಸಿ ಬಟ್ಟೆಯಲ್ಲಿ ಸೋಸಿ ಹಿಂಡಿದರೆ ಸುಮಾರು 150 ಗ್ರಾಂ ಪನೀರ್ ಸಿಗುತ್ತದೆ. ಸೋಸಿದ ನೀರನ್ನು ಚಪಾತಿ ಹಿಟ್ಟು ಕಲಸಲು ಬಳಸಿ. ಪುರುಸೊತ್ತಿಲ್ಲದಿದ್ದರೆ ಅಂಗಡಿಯ ಪನೀರ್ ಅಥವಾ ಎರಡು ಚೀಸ್ ಕ್ಯೂಬ್ ಸಾಕು. ಎಮ್ಮೆ ಹಾಲಾದರೆ ಅದರಲ್ಲೇ ಕೊಬ್ಬು ಹೆಚ್ಚಿರುವುದರಿಂದ ಬೆಣ್ಣೆ ಒಂದು ಚಮಚ ಕಡಿಮೆ ಮಾಡಿ.

ಮಾಡುವ ಕ್ರಮ

ಮೊದಲಿಗೆ ದೊಡ್ಡ ಪಾತ್ರೆಯಲ್ಲಿ ಎರಡೂವರೆ ಲೀಟರ್ ನೀರು ಕುದಿಸಿ, ಒಂದು ದೊಡ್ಡ ಚಮಚ ಉಪ್ಪು ಹಾಕಿ, ಮ್ಯಾಕರೋನಿ ಸುರಿಯಿರಿ. ಪ್ಯಾಕೆಟ್ ಮೇಲೆ ಬರೆದ ಸಮಯಕ್ಕಿಂತ ಎರಡು ನಿಮಿಷ ಮೊದಲೇ ಬಸಿಯಿರಿ. ಕಚ್ಚಿದರೆ ನಡುವೆ ಸ್ವಲ್ಪ ಗಟ್ಟಿ ಇರಬೇಕು, ಏಕೆಂದರೆ ಇನ್ನೊಮ್ಮೆ ಬೇಯುವುದಿದೆ. ಇಲ್ಲೇ ಪೂರ್ತಿ ಬೆಂದರೆ ಕೊನೆಗೆ ಮುದ್ದೆಯಾಗುತ್ತದೆ.

ಅದು ಬೇಯುವಷ್ಟರಲ್ಲಿ ಪಕ್ಕದ ಒಲೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ ಬೆಳ್ಳುಳ್ಳಿ, ಈರುಳ್ಳಿ, ತರಕಾರಿ ಹಾಕಿ ಬಾಡಿಸಿ. ಸ್ವಲ್ಪ ನೀರು ಚಿಮುಕಿಸಿ ಮುಚ್ಚಿಟ್ಟರೆ ಬೇಗ ಬೇಯುತ್ತದೆ.

ಇನ್ನು ಸಾಸ್. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ, ಮೈದಾ ಹಾಕಿ, ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿಯಿರಿ. ಹಸಿ ವಾಸನೆ ಹೋಗಬೇಕು, ಬಣ್ಣ ಬದಲಾಗಬಾರದು. ಪಾತ್ರೆಯನ್ನು ಕೆಳಗಿಳಿಸಿ, ಹಾಲನ್ನು ಮೊದಲು ಒಂದೊಂದೇ ಸೌಟು ಹಾಕಿ ಗಂಟಿಲ್ಲದಂತೆ ಕದಡಿ. ಹೀಗೆ ಮೂರು ನಾಲ್ಕು ಸೌಟು ಸೇರಿದ ಮೇಲೆ ಉಳಿದದ್ದನ್ನು ಒಟ್ಟಿಗೆ ಸುರಿಯಬಹುದು. ಮತ್ತೆ ಒಲೆಯ ಮೇಲಿಟ್ಟು ಕೈಯಾಡಿಸುತ್ತಿದ್ದರೆ ಏಳೆಂಟು ನಿಮಿಷದಲ್ಲಿ ದೋಸೆ ಹಿಟ್ಟಿಗಿಂತ ತುಸು ತೆಳ್ಳಗಿನ ಹದಕ್ಕೆ ಬರುತ್ತದೆ. ಅಷ್ಟಕ್ಕೇ ನಿಲ್ಲಿಸಿ, ಮ್ಯಾಕರೋನಿ ಮುಂದೆ ಇನ್ನೂ ಹಾಲು ಹೀರುತ್ತದೆ. ಉಪ್ಪು, ಕಾಳುಮೆಣಸು, ಒಣಮೆಣಸಿನಕಾಯಿ ತರಿ ಸೇರಿಸಿ.

ಮ್ಯಾಕರೋನಿ, ತರಕಾರಿ, ಸಾಸ್, ಅರ್ಧ ಪನೀರ್ ಇಷ್ಟನ್ನೂ ಕಲಸಿ, ಬೆಣ್ಣೆ ಸವರಿದ ಅಗಲವಾದ ಪಾತ್ರೆಗೆ ಹಾಕಿ. ಮೇಲೆ ಉಳಿದ ಪನೀರ್ ಹರಡಿ.

ಓವನ್ ಇಲ್ಲದಿದ್ದರೆ

ಓವನ್ ಇದ್ದವರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಇಟ್ಟರೆ ಆಯಿತು. ಇಲ್ಲದವರಿಗೆ ಎರಡು ದಾರಿಗಳಿವೆ.

ಒಂದು, ಗ್ಯಾಸ್ ಅಥವಾ ಗೋಬರ್ ಗ್ಯಾಸ್ ಒಲೆ. ದಪ್ಪ ತಳದ ಹಳೆಯ ಪಾತ್ರೆಗೆ ಎರಡು ಬಟ್ಟಲು ಪುಡಿ ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ, ಹತ್ತು ನಿಮಿಷ ಕಾಯಲು ಬಿಡಿ. ಮ್ಯಾಕರೋನಿ ಪಾತ್ರೆಯನ್ನು ಸ್ಟ್ಯಾಂಡ್ ಮೇಲಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬಿಡಿ. ದಿನಬಳಕೆಯ ಪ್ರೆಶರ್ ಕುಕ್ಕರನ್ನು ನೀರಿಲ್ಲದೆ ಕಾಯಿಸಬೇಡಿ, ತಳ ಹಾಳಾಗುತ್ತದೆ. ಈ ವಿಧಾನದಲ್ಲಿ ಮೇಲ್ಭಾಗ ಕೆಂಪಾಗುವುದಿಲ್ಲ. ಅದಕ್ಕೆ ರಸ್ಕ್ ಪುಡಿಯನ್ನು ಒಂದು ಚಮಚ ಬೆಣ್ಣೆಯಲ್ಲಿ ತವದ ಮೇಲೆ ಕೆಂಪಗೆ ಹುರಿದಿಟ್ಟುಕೊಂಡು, ಬಡಿಸುವ ಮುನ್ನ ಉದುರಿಸಿ. ಗರಿಗರಿ ಎನ್ನುತ್ತದೆ.

ಎರಡು, ಸೌದೆ ಒಲೆ. ಸಂಜೆ ನೀರು ಕಾಯಿಸಿದ ಒಲೆಯಲ್ಲಿ ಕೆಂಡ ಇದ್ದೇ ಇರುತ್ತದೆ. ಉರಿ ಆರಿದ ಕೆಂಡದ ಮೇಲೆ ಪಾತ್ರೆ ಇಟ್ಟು, ಚಪ್ಪಟೆಯಾದ ದಪ್ಪ ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೂ ನಾಲ್ಕು ಕೆಂಡ ಹರಡಿ. ಹಿಂದಿನವರಿಗೆ ಗೊತ್ತಿದ್ದ ವಿದ್ಯೆಯೇ ಇದು. 15ರಿಂದ 20 ನಿಮಿಷದಲ್ಲಿ ಮೇಲೂ ಕೆಳಗೂ ಹದವಾಗಿ ಬೇಯುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಬಡಿಸಿ.

ಬೆಳಿಗ್ಗೆಯೇ ತರಕಾರಿ ಹೆಚ್ಚಿ, ಪನೀರ್ ಒಡೆಸಿ ಇಟ್ಟುಕೊಂಡರೆ ಸಂಜೆಯ ಕೆಲಸ ಮುಕ್ಕಾಲು ಗಂಟೆಯದು. ಅದರಲ್ಲಿ ಕೊನೆಯ ಅರ್ಧ ಗಂಟೆ ಅಡುಗೆ ಒಲೆಯ ಮೇಲೆ ತಾನೇ ಬೇಯುತ್ತಿರುತ್ತದೆ, ಅಷ್ಟರಲ್ಲಿ ನೀವು ಹಸುಗಳಿಗೆ ಮೇವು ಹಾಕಿ ಬರಬಹುದು.

ಮನೆಯ ಹಾಲು ಯಾವುದಾಗಿರಬೇಕು?

ಈಗ ನನ್ನ ಕೆಲಸದ ಮಾತಿಗೆ ಬರುತ್ತೇನೆ. ಇದನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ.

ಕೆಚ್ಚಲು ಬಾವಿಗೆ ಚಿಕಿತ್ಸೆ ಕೊಟ್ಟು, "ಇಷ್ಟು ದಿನ ಈ ಹಸುವಿನ ಹಾಲು ಡೈರಿಗೆ ಹಾಕಬೇಡಿ" ಎಂದಾಗ ಬರುವ ಪ್ರಶ್ನೆ ಹೆಚ್ಚಾಗಿ ಒಂದೇ: "ಹಂಗಾದ್ರೆ ಮನೇಲಿ ಬಳಸ್ಕೋಬಹುದಾ ಡಾಕ್ಟ್ರೇ?" ಬೇಡಮ್ಮ, ಬೇಡ. ಡೈರಿಗೆ ಆಗದ ಹಾಲು ನಿಮ್ಮ ಮಗುವಿಗೂ ಆಗದು. ಆ್ಯಂಟಿಬಯಾಟಿಕ್ ಅಂಶ ಕುದಿಸಿದರೆ ಹೋಗುವುದಿಲ್ಲ. ಒಂದೇ ಮೊಲೆಗೆ ಟ್ಯೂಬ್ ಬಿಟ್ಟಿದ್ದರೂ ನಾಲ್ಕೂ ಮೊಲೆಯ ಹಾಲನ್ನು ಬಿಡಬೇಕು. ಔಷಧಿಯ ಮೇಲೆ ಬರೆದ ಅವಧಿಯನ್ನು ಕೊನೆಯ ಡೋಸ್ ಕೊಟ್ಟ ಹೊತ್ತಿನಿಂದ ಎಣಿಸಬೇಕು. ಔಷಧಿಯಿಂದ ಔಷಧಿಗೆ ಅವಧಿ ಬೇರೆ, ಆದ್ದರಿಂದ ಚಿಕಿತ್ಸೆ ಕೊಟ್ಟ ವೈದ್ಯರನ್ನು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಈ ಹಾಲನ್ನು ಕರುವಿಗೂ ಕುಡಿಸಬೇಡಿ. ಸ್ವಲ್ಪ ಸ್ವಲ್ಪವೇ ಆ್ಯಂಟಿಬಯಾಟಿಕ್ ದೇಹ ಸೇರುತ್ತಿದ್ದರೆ ಔಷಧಿಗೆ ಜಗ್ಗದ ರೋಗಾಣುಗಳು ಬೆಳೆಯುತ್ತವೆ. ನಾಳೆ ನಿಜವಾಗಿ ಜ್ವರ ಬಂದಾಗ ಅದೇ ಔಷಧಿ ಕೆಲಸ ಮಾಡದೆ ಹೋಗಬಹುದು.

ಹಾಲು ಕರೆಯುವ ಮೊದಲು ಪ್ರತಿ ಮೊಲೆಯಿಂದ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ನೋಡಿ. ಗಸಿ, ಗಂಟು, ನೀರಿನಂತಹ ಹಾಲು ಕಂಡರೆ ಕೆಚ್ಚಲು ಬಾವಿನ ಸೂಚನೆ. ಅಂಥ ಹಾಲು ರುಚಿಯಲ್ಲೂ ಉಪ್ಪುಪ್ಪಾಗಿರುತ್ತದೆ, ಕಾಯಿಸಿದರೆ ಒಡೆಯಲೂಬಹುದು. ಹೊಸದಾಗಿ ಕರೆದ ಹಾಲೂ ಒಡೆಯುತ್ತಿದ್ದರೆ ಪಾತ್ರೆಯ ಸ್ವಚ್ಛತೆಯನ್ನೂ ಕೆಚ್ಚಲನ್ನೂ ಒಟ್ಟಿಗೆ ಪರೀಕ್ಷಿಸಿ.

ಇನ್ನೊಂದು ಮಾತು. ಮೊಬೈಲಿನಲ್ಲಿ ಅಡುಗೆ ತೋರಿಸುವವರು ಫ್ರಿಜ್ಜಿನಿಂದ ಹಾಲು ತೆಗೆದು ನೇರವಾಗಿ ಸುರಿಯುತ್ತಾರೆ. ಅವರದು ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲು, ನಮ್ಮದು ಕೊಟ್ಟಿಗೆಯ ಹಸಿ ಹಾಲು. ಕಂದು ಹಾಕಿಸುವ ಬ್ರುಸೆಲ್ಲೋಸಿಸ್, ಕ್ಷಯ ಮೊದಲಾದ ರೋಗಗಳು ಹಸಿ ಹಾಲಿನಿಂದ ಮನುಷ್ಯರಿಗೆ ಬರುತ್ತವೆ. ಆದ್ದರಿಂದ ಉಕ್ಕಿ ಬರುವಂತೆ ಕಾಯಿಸಿದ ಹಾಲನ್ನೇ ಬಳಸಿ.

ಮನೆಯ ಪಾಲು ತೆಗೆಯುವುದಕ್ಕೂ ಒಂದು ಕ್ರಮವಿದೆ. ಕರೆಯುವಾಗ ಮೊದಲ ಹಾಲಿಗಿಂತ ಕೊನೆಯ ಹಾಲಿನಲ್ಲಿ ಕೊಬ್ಬು ಹೆಚ್ಚು. ಕೊನೆಯ ಗಟ್ಟಿ ಹಾಲನ್ನು ಮನೆಗಿಟ್ಟುಕೊಂಡರೆ ಡೈರಿಯಲ್ಲಿ ಫ್ಯಾಟ್ ಇಳಿಯುತ್ತದೆ, ದರವೂ ಇಳಿಯುತ್ತದೆ. ಪೂರ್ತಿ ಕರೆದು, ಸೋಸಿ, ಚೆನ್ನಾಗಿ ಬೆರೆಸಿ, ಆಮೇಲೆ ಮನೆಗೆ ಬೇಕಾದಷ್ಟು ತೆಗೆಯಿರಿ. ಕಾಯಿಸಿದ ಹಾಲು ಉಳಿದರೆ ಹೆಪ್ಪು ಹಾಕಿ, ಕ್ಯಾನಿಗೆ ಮಾತ್ರ ಮತ್ತೆ ಸುರಿಯಬೇಡಿ.

ಮಿಕ್ಕಿದ್ದು ಹಸುವಿಗೆ ಬೇಡ

ಮ್ಯಾಕರೋನಿ ಬಸಿದ ನೀರು ಬಕೆಟ್ ಕಲಗಚ್ಚಿನಲ್ಲಿ ಸೇರಿದರೆ ಚಿಂತೆಯಿಲ್ಲ. ಆದರೆ ಮಿಕ್ಕ ಮ್ಯಾಕರೋನಿ, ಅನ್ನ, ಮದುವೆ ಮನೆಯ ಊಟದ ಉಳಿಕೆಗಳನ್ನು ಹಸುವಿನ ಮುಂದೆ ಸುರಿಯಬೇಡಿ. ಹೀಗೆ ಬೇಯಿಸಿದ ಪಿಷ್ಟ ಒಮ್ಮೆಲೇ ಹೊಟ್ಟೆ ಸೇರಿದರೆ ಮೆಲುಕು ಚೀಲದಲ್ಲಿ ಹುಳಿ ಹೆಚ್ಚಿ ಅಸಿಡೋಸಿಸ್ ಆಗುತ್ತದೆ. ಹಸು ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಭೇದಿಯಾಗುತ್ತದೆ, ತಡವಾದರೆ ನೆಲ ಹಿಡಿಯುತ್ತದೆ. ಪ್ರಾಣವೇ ಹೋದ ಹಸುಗಳಿವೆ. ಅಕಸ್ಮಾತ್ ತಿಂದಿದ್ದರೆ ಲಕ್ಷಣ ಕಾಣುವವರೆಗೆ ಕಾಯದೆ ವೈದ್ಯರಿಗೆ ಫೋನ್ ಮಾಡಿ.

ಈ ಅಡುಗೆಯನ್ನು ವಾರಕ್ಕೊಂದು ಸಂಜೆ ಮಾಡಿದರೆ ಸಾಕು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರಿಗೆ ತರಕಾರಿ, ಪನೀರ್ ಹೆಚ್ಚು ಹಾಕಿ, ಮ್ಯಾಕರೋನಿ ಕಡಿಮೆ ಬಡಿಸಿ. ಉಳಿದ ದಿನಗಳಲ್ಲಿ ಅದೇ ಮುಕ್ಕಾಲು ಲೀಟರ್ ಮೊಸರಾಗಲಿ, ಮಜ್ಜಿಗೆಯಾಗಲಿ, ರಾಗಿ ಅಂಬಲಿಗೆ ಬೀಳಲಿ. ಕ್ಯಾನ್ ತುಂಬುವ ಮೊದಲು ಮನೆಯ ಪಾತ್ರೆ ತುಂಬುವುದು ರೂಢಿಯಾಗಬೇಕು. ಹಸುವಿಗೆ ಸಮತೋಲನ ಆಹಾರ ಕೊಟ್ಟರೆ ಹಾಲು ಹೆಚ್ಚುತ್ತದೆ ಎಂದು ನಾವು ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಆ ಹಸುವನ್ನು ಸಾಕುವ ಮನೆಯ ಜನಕ್ಕೂ ಅದೇ ಮಾತು ಅನ್ವಯಿಸುತ್ತದೆ.

– ಪಶುವೈದ್ಯಾಧಿಕಾರಿ