ಅಂಗಡಿಯಂಗಳದಲ್ಲಿ ಅನ್ಯರ ವಾಹನ: ಮಾಲೀಕರು ಏನು ಮಾಡಬಹುದು, ಏನು ಮಾಡಬಾರದು?

ಮಂಗಳೂರು: ಬೆಳಗ್ಗೆ ಅಂಗಡಿಯ ಶಟರ್ ಎತ್ತುವ ಮೊದಲೇ ಎದುರಿನ ಅಂಗಳದಲ್ಲಿ ಗುರುತು ಪರಿಚಯವಿಲ್ಲದ ಎರಡು ಕಾರು, ನಾಲ್ಕಾರು ಬೈಕು. ಅವುಗಳ ಒಡೆಯರು ಬಸ್ಸು ಹತ್ತಿ ಹಂಪನಕಟ್ಟೆಗೋ ಸ್ಟೇಟ್‌ಬ್ಯಾಂಕಿಗೋ ಹೋಗಿಯಾಗಿರುತ್ತದೆ, ಮರಳುವುದು ಸಂಜೆಗೆ. ಸಾಮಾನು ಇಳಿಸಲು ಬಂದ ಟೆಂಪೋ ರಸ್ತೆಯಲ್ಲಿಯೇ ನಿಲ್ಲಬೇಕು, ಹಿಂದಿನಿಂದ ಹಾರ್ನ್ ಕೇಳಬೇಕು. ಗಿರಾಕಿ ಒಂದು ಸುತ್ತು ಹಾಕಿ ನೋಡಿ, ಜಾಗವಿಲ್ಲವೆಂದು ಮುಂದಿನ ಅಂಗಡಿಗೆ ಹೋಗುತ್ತಾನೆ. ನಗರದ ಹೆದ್ದಾರಿ ಬದಿಯ ಸಣ್ಣ ವ್ಯಾಪಾರಿಗಳಿಗೆ ಇದೊಂದು ನಿತ್ಯದ ತಲೆನೋವು.

ಕುಲಶೇಖರದಲ್ಲಿ ಈ ಸಮಸ್ಯೆಗೆ ಅದರದ್ದೇ ಆದ ಕಾರಣಗಳಿವೆ. ನಂತೂರಿನಿಂದ ಬಿಕರ್ನಕಟ್ಟೆ, ಕುಲಶೇಖರ ದಾಟಿ ಮೂಡುಬಿದಿರೆ, ಕಾರ್ಕಳದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 169 (ಹಿಂದಿನ ಸಂಖ್ಯೆ 13) ಊರಿನ ನಡುವೆಯೇ ಹಾದುಹೋಗುತ್ತದೆ. ಹೋಲಿ ಕ್ರಾಸ್ ಚರ್ಚ್, ಶ್ರೀ ವೀರನಾರಾಯಣ ದೇವಸ್ಥಾನ, ದಕ್ಷಿಣ ಕನ್ನಡ ಹಾಲು ಒಕ್ಕೂಟದ ಡೇರಿ, ಶಾಲೆಗಳು ಎಲ್ಲವೂ ಇಲ್ಲಿ ಹತ್ತಿರ ಹತ್ತಿರದಲ್ಲಿವೆ. ಏರುತಗ್ಗಿನ ನೆಲವಾದ್ದರಿಂದ ರಸ್ತೆಯ ಬದಿಯಲ್ಲಿ ಸಮತಟ್ಟಾದ ಜಾಗ ಕಡಿಮೆ. ಇದ್ದ ಸಮತಟ್ಟು ಎಂದರೆ ಅಂಗಡಿಗಳ ಮುಂದಿನ ಅಂಗಳವೇ. ಹೀಗಾಗಿ ಗೇಟು, ಸರಪಳಿ ಇಲ್ಲದ ಅಂಗಳವನ್ನು ಕಂಡವರು ಅದನ್ನು ಸಾರ್ವಜನಿಕ ಜಾಗವೆಂದೇ ತಿಳಿಯುವುದು ಸಹಜ. ಎಲ್ಲರೂ ದುರುದ್ದೇಶದಿಂದಲೇ ನಿಲ್ಲಿಸುತ್ತಾರೆ ಎನ್ನುವಂತಿಲ್ಲ.

ಆದರೆ ತನ್ನ ಜಾಗದಲ್ಲಿ ನಿಂತ ಅನ್ಯರ ವಾಹನವನ್ನು ಅಂಗಡಿಯವರು ಏನು ಮಾಡಬಹುದು? ಈ ಪ್ರಶ್ನೆಗೆ ಕಾನೂನಿನಲ್ಲಿ ಒಂದೇ ಮಾತಿನ ಉತ್ತರವಿಲ್ಲ.

ಜಾಗ ನಿಜಕ್ಕೂ ಯಾರದ್ದು?

ಜಗಳಕ್ಕೆ ಇಳಿಯುವ ಮೊದಲು ನೋಡಬೇಕಾದದ್ದು ದಾಖಲೆ. ಹೆದ್ದಾರಿ ಬದಿಯಲ್ಲಿ 'ನಮ್ಮ ಅಂಗಳ' ಎಂದು ತಲೆಮಾರಿನಿಂದ ಹೇಳಿಕೊಂಡು ಬಂದ ಜಾಗದ ಒಂದಂಶ ಹೆದ್ದಾರಿಯದ್ದೇ ಆಗಿರುವ ಸಾಧ್ಯತೆ ಸಣ್ಣದಲ್ಲ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ಸುಮಾರು 45 ಕಿ.ಮೀ. ಉದ್ದದ ಚತುಷ್ಪಥ ಯೋಜನೆಗಾಗಿ ಈ ದಾರಿಯುದ್ದಕ್ಕೂ ಭೂಸ್ವಾಧೀನ ನಡೆದಿದೆ. ಪರಿಹಾರದ ಮೊತ್ತದ ಬಗ್ಗೆ ಭೂಮಾಲೀಕರು ವರ್ಷಗಟ್ಟಲೆ ಹೋರಾಡಿದ್ದೂ ಜಿಲ್ಲೆಗೆ ಗೊತ್ತಿರುವ ವಿಚಾರ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಡಿ ಕಲಮಿನ ಪ್ರಕಾರ ಸ್ವಾಧೀನದ ಘೋಷಣೆ ಪ್ರಕಟವಾದೊಡನೆ ಆ ಭೂಮಿ ಕೇಂದ್ರ ಸರಕಾರದ ಪಾಲಾಗುತ್ತದೆ. ಪರಿಹಾರದ ತಕರಾರು ನ್ಯಾಯಾಲಯದಲ್ಲಿದ್ದರೂ ಒಡೆತನದ ಮಾತು ಅಲ್ಲಿಗೆ ಮುಗಿಯಿತು. ಅಂತಹ ಜಾಗಕ್ಕೆ ಸರಪಳಿ ಕಟ್ಟಿ, 'ಪಾರ್ಕಿಂಗ್ ನಿಷೇಧ' ಫಲಕ ನೆಟ್ಟರೆ ಅಂಗಡಿಯವರೇ ಅತಿಕ್ರಮಣದ ಆರೋಪ ಎದುರಿಸಬೇಕಾದೀತು. ಹೆದ್ದಾರಿ ಭೂಮಿಯ ಅನಧಿಕೃತ ಬಳಕೆಯನ್ನು ತೆರವುಗೊಳಿಸಲು 2002ರ ಪ್ರತ್ಯೇಕ ಕಾಯ್ದೆಯೇ ಇದೆ.

ಆದ್ದರಿಂದ ಕ್ರಯಪತ್ರ, ಸರ್ವೆ ನಕ್ಷೆ, ಖಾತೆ, ಯುಪಿಒಆರ್ ಯೋಜನೆಯಡಿ ಪಡೆದ ಪ್ರಾಪರ್ಟಿ ಕಾರ್ಡ್ ಇವುಗಳನ್ನು ಎದುರಿಟ್ಟುಕೊಂಡು ಗಡಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಮೊದಲ ಕೆಲಸ. ಸಂಶಯವಿದ್ದರೆ ಭೂಮಾಪನ ಇಲಾಖೆಗೆ ಅರ್ಜಿ ಹಾಕಿ ಅಳತೆ ಮಾಡಿಸುವುದು ಲೇಸು. ಅಳತೆಯ ಖರ್ಚು ಮುಂದಿನ ವ್ಯಾಜ್ಯದ ಖರ್ಚಿಗಿಂತ ಕಡಿಮೆಯೇ.

ಬಾಡಿಗೆ ಕೋಣೆಯಲ್ಲಿ ವ್ಯಾಪಾರ ಮಾಡುವವರ ಸ್ಥಿತಿ ಸ್ವಲ್ಪ ಬೇರೆ. ಕರಾರುಪತ್ರದಲ್ಲಿ ಅಂಗಳದ ಉಲ್ಲೇಖವೇ ಇಲ್ಲದಿದ್ದರೆ ಹಕ್ಕು ಸಾಧಿಸುವುದು ಕಷ್ಟ. ವಾಣಿಜ್ಯ ಸಂಕೀರ್ಣಗಳಲ್ಲಂತೂ ಪಾರ್ಕಿಂಗ್ ಜಾಗ ಅನೇಕ ಬಾರಿ ಎಲ್ಲರಿಗೂ ಸೇರಿದ ಸಾಮಾನ್ಯ ಜಾಗ. ವಸತಿ ಸಮುಚ್ಚಯದ ಕಂಬಗಳ ಕೆಳಗಿನ ನಿಲುಗಡೆ ಜಾಗವನ್ನು ಬಿಲ್ಡರ್ ಬಿಡಿಯಾಗಿ ಮಾರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಮುಂಬಯಿಯ ಪ್ರಕರಣವೊಂದರಲ್ಲಿ ಹೇಳಿತ್ತು. ಇನ್ನು ಪಾಲಿಕೆ ಮಂಜೂರು ಮಾಡಿದ ನಕ್ಷೆಯಲ್ಲಿ 'ಪಾರ್ಕಿಂಗ್' ಎಂದು ತೋರಿಸಿದ ಸ್ಥಳದಲ್ಲಿ ಗೋದಾಮೋ ಕ್ಯಾಂಟೀನೋ ಕಟ್ಟಿಕೊಂಡು, ಉಳಿದ ನಾಲ್ಕು ಅಡಿಗಾಗಿ ದೂರು ಕೊಡಲು ಹೋಗುವವರು ತಮ್ಮ ಮೇಲೆಯೇ ನೋಟಿಸು ಬರಿಸಿಕೊಳ್ಳುವುದುಂಟು.

ಗಾಳಿ ತೆಗೆಯುವುದು, ಬೀಗ ಹಾಕುವುದು

ಸಿಟ್ಟಿಗೆದ್ದ ಮಾಲೀಕರು ಸಾಮಾನ್ಯವಾಗಿ ಹಿಡಿಯುವ ದಾರಿ ಮೂರು: ಟಯರಿನ ಗಾಳಿ ತೆಗೆಯುವುದು, ಚಕ್ರಕ್ಕೆ ಸರಪಳಿ ಬಿಗಿದು ಹಣ ಕೇಳುವುದು, ತಮ್ಮದೇ ವಾಹನವನ್ನು ಅಡ್ಡ ನಿಲ್ಲಿಸಿ ಹೋಗುವುದು. ಮೂರೂ ಅಪಾಯದ ದಾರಿಗಳೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮು ಇತರರ ಸೊತ್ತಿಗೆ ಬೇಕೆಂದೇ ಹಾನಿ ಮಾಡುವುದನ್ನು, ಅದರ ಉಪಯುಕ್ತತೆಯನ್ನು ಕುಂದಿಸುವುದನ್ನು ಅಪರಾಧವೆನ್ನುತ್ತದೆ. ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ವಾಹನ ತನ್ನ ಜಾಗದಲ್ಲಿತ್ತು ಎಂಬುದು ಹಾನಿ ಮಾಡಲು ಪರವಾನಗಿಯಲ್ಲ. ವ್ಯಕ್ತಿಯೊಬ್ಬರು ಹೋಗಲು ಹಕ್ಕಿರುವ ದಿಕ್ಕಿನಲ್ಲಿ ಹೋಗದಂತೆ ತಡೆದರೆ 126ನೇ ಕಲಮಿನ ಅಕ್ರಮ ತಡೆಯ ದೂರು ಬರಬಹುದು. ಬೀಗ ತೆಗೆಯಲು ಐನೂರು ರೂಪಾಯಿ ಕೇಳಿದರಂತೂ ವಿಷಯ ಸುಲಿಗೆಯ ಆರೋಪದತ್ತ ಹೊರಳುತ್ತದೆ. ಕ್ರೇನ್ ತರಿಸಿ ವಾಹನವನ್ನು ಬೇರೆಡೆಗೆ ಸಾಗಿಸಿದರೆ ಒಡೆಯರು ಕಳವಿನ ದೂರು ಕೊಡಬಹುದು, ಸಾಗಿಸುವಾಗ ಬಿದ್ದ ಗೀರಿಗೂ ಅಂಗಡಿಯವರೇ ಉತ್ತರಿಸಬೇಕು.

ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ನಿಲುವಲ್ಲ. ಸ್ಕಾಟ್ಲೆಂಡಿನ ನ್ಯಾಯಾಲಯವು 1992ರಲ್ಲಿಯೇ ಖಾಸಗಿ ಜಾಗದಲ್ಲಿ ಚಕ್ರಕ್ಕೆ ಬೀಗ ಹಾಕಿ ಹಣ ಕೇಳುವುದನ್ನು ಸುಲಿಗೆಯೆಂದು ಪರಿಗಣಿಸಿತು. ಇಂಗ್ಲೆಂಡಿನಲ್ಲಿ ಖಾಸಗಿ ಬೀಗದ ಕಂಪೆನಿಗಳ ಹಾವಳಿ ಮಿತಿಮೀರಿದ ಬಳಿಕ 2012ರ ಅಕ್ಟೋಬರ್ 1ರಿಂದ ಅದನ್ನು ಕಾನೂನಿನ ಮೂಲಕ ನಿಷೇಧಿಸಲಾಯಿತು.

ಇಲ್ಲೊಂದು ಸೋಜಿಗವಿದೆ. ಗದ್ದೆಗೆ ನುಗ್ಗಿ ಪೈರು ಮೇದ ದನವನ್ನು ರೈತ ಹಿಡಿದು ದೊಡ್ಡಿಗೆ ಅಟ್ಟಬಹುದು ಎಂಬ ಹಕ್ಕನ್ನು ಬ್ರಿಟಿಷರ ಕಾಲದ 1871ರ ಜಾನುವಾರು ಅತಿಕ್ರಮ ಕಾಯ್ದೆ ಸ್ಪಷ್ಟವಾಗಿ ಕೊಟ್ಟಿತ್ತು. ಹಿಡಿದ 24 ಗಂಟೆಯೊಳಗೆ ದೊಡ್ಡಿಗೆ ಕಳುಹಿಸಬೇಕೆಂಬ ಶರತ್ತೂ ಇತ್ತು. ಅಂಗಳಕ್ಕೆ ನುಗ್ಗಿದ ಕಾರಿಗೆ ಅಂತಹ ದೊಡ್ಡಿಯನ್ನು ಯಾವ ಕಾಯ್ದೆಯೂ ತೋರಿಸಿಲ್ಲ.

ಪೊಲೀಸರ ವ್ಯಾಪ್ತಿ ಎಷ್ಟು?

'ಅದು ಖಾಸಗಿ ಜಾಗ, ನಮಗೆ ಬರುವುದಿಲ್ಲ' ಎಂಬ ಉತ್ತರ ಠಾಣೆಗಳಲ್ಲಿ ಕೇಳಿಬರುವುದು ಸಾಮಾನ್ಯ. ಅದು ಅರ್ಧ ಸತ್ಯ ಮಾತ್ರ.

1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಮಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಹೆಚ್ಚು ಕಾಲ ವಾರಸುದಾರರಿಲ್ಲದೆ ನಿಂತ ವಾಹನವನ್ನಾಗಲಿ, ನಿಲುಗಡೆ ನಿಷೇಧವಿರುವ ಸ್ಥಳದಲ್ಲಿ ನಿಂತ ವಾಹನವನ್ನಾಗಲಿ ಎಳೆದೊಯ್ಯಲು ಅಥವಾ ಚಕ್ರಕ್ಕೆ ಬೀಗ ಹಾಕಲು ಸಮವಸ್ತ್ರದಲ್ಲಿರುವ, ಆ ವ್ಯಾಪ್ತಿಯ ಪೊಲೀಸ್ ಅಧಿಕಾರಿ ಅನುಮತಿ ನೀಡಬಹುದು. ಎಳೆದೊಯ್ದ ಖರ್ಚೂ ವಾಹನದ ಒಡೆಯರದ್ದೇ. ಗಮನಿಸಬೇಕಾದದ್ದೆಂದರೆ ಈ ಅಧಿಕಾರ ಪೊಲೀಸರದ್ದು, ಜಾಗದ ಮಾಲೀಕರದ್ದಲ್ಲ.

ಹಾಗಾದರೆ ಅಂಗಡಿಯ ಅಂಗಳ 'ಸಾರ್ವಜನಿಕ ಸ್ಥಳ'ವೇ? ಜನರಿಗೆ ಪ್ರವೇಶದ ಹಕ್ಕಿರುವ ಸ್ಥಳವೆಂದು ಕಾಯ್ದೆಯ ಎರಡನೇ ಕಲಮು ಅದನ್ನು ವಿವರಿಸುತ್ತದೆ. ಖಾಸಗಿ ಒಡೆತನದ್ದಾದರೂ ಜನರು ಬಂದುಹೋಗಲು ಬಿಟ್ಟಿರುವ ಜಾಗ ಈ ವ್ಯಾಖ್ಯೆಯೊಳಗೆ ಬರುತ್ತದೆ ಎಂದು ಬೊಂಬಾಯಿ ಹೈಕೋರ್ಟಿನ ಪೂರ್ಣಪೀಠವು ವಿಮೆಗೆ ಸಂಬಂಧಿಸಿದ ಪ್ರಕರಣದಲ್ಲಿ ಅಭಿಪ್ರಾಯಪಟ್ಟಿದೆ. ಹೀಗಾಗಿ ತೆರೆದ ಅಂಗಳದ ಬಗ್ಗೆ ಪೊಲೀಸರಲ್ಲಿ ವಾದಿಸಲು ಒಂದು ಆಧಾರವಿದೆ. ಗೇಟು ಹಾಕಿದ ಆವರಣದ ವಿಷಯದಲ್ಲಿ ಅದು ದುರ್ಬಲ.

ವಾಹನ ಅಂಗಳದೊಳಗೆ ನಿಲ್ಲದೆ ಅಂಗಳದ ಬಾಯಿಗೆ ಅಡ್ಡವಾಗಿ ರಸ್ತೆಯಲ್ಲಿ ನಿಂತಿದ್ದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಆವರಣವೊಂದರ ಪ್ರವೇಶವನ್ನು ತಡೆಯುವಂತೆ ನಿಲ್ಲಿಸಬಾರದು ಎಂಬುದು 1989ರ ರಸ್ತೆ ನಿಯಮಾವಳಿಯಲ್ಲಿಯೇ ಇತ್ತು. ಅದರ ಸ್ಥಾನದಲ್ಲಿ 2017ರ ಚಾಲನಾ ನಿಯಮಾವಳಿ ಬಂದಿದೆ. ಇದು ನೇರವಾಗಿ ಸಂಚಾರ ಪೊಲೀಸರ ಕೆಲಸ. 2019ರ ತಿದ್ದುಪಡಿಯ ನಂತರ ಕಾಯ್ದೆಯ 177ನೇ ಕಲಮಿನ ಸಾಮಾನ್ಯ ದಂಡ ಮೊದಲ ಬಾರಿಗೆ 500 ರೂ.ವರೆಗೆ, ಮರುಕಳಿಸಿದರೆ 1,500 ರೂ.ವರೆಗೆ ಇದೆ.

ಅಂಗಳದೊಳಗಿನ ವಾಹನದ ವಿಷಯದಲ್ಲಿ ಉಳಿಯುವುದು ನ್ಯಾಯ ಸಂಹಿತೆಯ 329ನೇ ಕಲಮು, ಅಂದರೆ ಹಿಂದಿನ ದಂಡ ಸಂಹಿತೆಯ 441 ಮತ್ತು 447. ಶಿಕ್ಷೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂ.ವರೆಗೆ ದಂಡ ಅಥವಾ ಎರಡೂ. ಆದರೆ ಸುಮ್ಮನೆ ಪ್ರವೇಶಿಸಿದರೆ ಸಾಲದು. ಅಪರಾಧ ಎಸಗುವ ಅಥವಾ ಸ್ವಾಧೀನದಲ್ಲಿರುವವರನ್ನು ಬೆದರಿಸುವ, ಅವಮಾನಿಸುವ, ಪೀಡಿಸುವ ಉದ್ದೇಶ ಇರಬೇಕು. ತಿಳಿಯದೆ ನಿಲ್ಲಿಸಿದವರ ಮೇಲೆ ಇದು ನಿಲ್ಲದು. ಹೇಳಿದ ಮೇಲೂ, ಬರೆದು ತಿಳಿಸಿದ ಮೇಲೂ ಹಟದಿಂದ ನಿಲ್ಲಿಸುವವರ ಮೇಲೆ ನಿಲ್ಲಬಹುದು. ಫಲಕ, ಫೋಟೊ, ಲಿಖಿತ ಸೂಚನೆಗಳಿಗೆ ಬೆಲೆ ಬರುವುದು ಇಲ್ಲಿಯೇ.

ಫಲಕದಿಂದ ಆರಂಭ

ಗಡಿ ಖಚಿತವಾದ ಮೇಲೆ ಅದನ್ನು ಕಣ್ಣಿಗೆ ಕಾಣುವಂತೆ ಮಾಡಬೇಕು. ನೆಲಕ್ಕೆ ಬಣ್ಣದ ಗೆರೆ, ಎರಡು ಕಂಬಗಳ ನಡುವೆ ಸರಪಳಿ, 'ಇದು ಖಾಸಗಿ ಜಾಗ, ಗ್ರಾಹಕರ ವಾಹನಗಳಿಗೆ ಮಾತ್ರ' ಎಂಬ ಫಲಕ, ಅದರಲ್ಲಿ ಅಂಗಡಿಯ ಫೋನ್ ಸಂಖ್ಯೆ. ಇಷ್ಟರಿಂದಲೇ ಬಹುಪಾಲು ಕಿರಿಕಿರಿ ಕಡಿಮೆಯಾಗುತ್ತದೆ, ಏಕೆಂದರೆ ಬಹುಪಾಲು ಜನ ಗೊತ್ತಿಲ್ಲದೆ ನಿಲ್ಲಿಸುವವರು. ತುಳು, ಕೊಂಕಣಿ, ಬ್ಯಾರಿ, ಮಲಯಾಳ ಮಾತನಾಡುವವರೆಲ್ಲ ಓಡಾಡುವ ಊರಿನಲ್ಲಿ ಕನ್ನಡದ ಜೊತೆಗೆ ಒಂದು ಚಿತ್ರಸಂಕೇತವೂ ಇದ್ದರೆ ಎಲ್ಲರಿಗೂ ಅರ್ಥವಾಗುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ಸರಪಳಿ ಹಾಕಿ, ಬೆಳಗ್ಗೆ ಶಟರ್ ಎತ್ತಿದ ಬಳಿಕ ತೆಗೆಯುವ ಪದ್ಧತಿಯಿಂದ ಬಸ್ಸಿಗೆ ಹೋಗುವವರ ವಾಹನಗಳು ಹೆಚ್ಚುಕಡಿಮೆ ನಿಂತೇ ಹೋಗುತ್ತವೆ.

'ವಾಹನಗಳಿಗೆ ಮಾಲೀಕರೇ ಹೊಣೆ' ಎಂಬ ಸಾಲನ್ನು ಎಲ್ಲರೂ ಬರೆಸುತ್ತಾರೆ. ಕೀಲಿಕೈ ಪಡೆದುಕೊಂಡು ಟೋಕನ್ ಕೊಡುವ ವ್ಯವಸ್ಥೆಯಿದ್ದರೆ ಆ ಸಾಲು ಪೂರ್ಣ ರಕ್ಷಣೆ ನೀಡದು. ದಿಲ್ಲಿಯ ಹೋಟೆಲೊಂದರಲ್ಲಿ 1998ರಲ್ಲಿ ಕಳವಾದ ಕಾರಿನ ಪ್ರಕರಣದಲ್ಲಿ, ತನ್ನ ವಶಕ್ಕೆ ಪಡೆದ ವಾಹನದ ಬಗ್ಗೆ ನಿರ್ಲಕ್ಷ್ಯ ತೋರಿದ ಹೋಟೆಲು 'ಒಡೆಯರದ್ದೇ ಹೊಣೆ' ಎಂಬ ಶರತ್ತಿನ ಹಿಂದೆ ಅಡಗುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ನೀಡಿದೆ.

ಫಲಕದ ಹೊರತಾಗಿಯೂ ವಾಹನ ನಿಂತರೆ ಮೊದಲು ಸುತ್ತಮುತ್ತ ವಿಚಾರಿಸುವುದೇ ಸರಿ. ನೋಂದಣಿ ಸಂಖ್ಯೆ ಕಾಣುವಂತೆ, ಸಮಯ ನಮೂದಾಗುವಂತೆ ಫೋಟೊ ತೆಗೆದಿಟ್ಟು, ವೈಪರಿನಡಿ ಸೌಜನ್ಯದ ಚೀಟಿ ಇಡಬಹುದು. ಎಂ-ಪರಿವಾಹನ್ ಆ್ಯಪ್‌ನಲ್ಲಿ ಒಡೆಯರ ಪೂರ್ಣ ಹೆಸರು, ಫೋನ್ ಸಂಖ್ಯೆ ಸಿಗುವುದಿಲ್ಲ. ಪೊಲೀಸರಿಗೆ ಅದು ಸಿಗುತ್ತದೆ. 112ಕ್ಕೆ ಅಥವಾ ಸಂಚಾರ ಠಾಣೆಗೆ ತಿಳಿಸಿದರೆ ಅವರು ಒಡೆಯರಿಗೆ ಕರೆ ಮಾಡುವುದರಲ್ಲೇ ಎಷ್ಟೋ ಪ್ರಕರಣ ಮುಗಿಯುತ್ತದೆ. ವಾಹನದ ಫೋಟೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಬೈಯುವುದರಿಂದ ಸಿಗುವ ತೃಪ್ತಿ ಕ್ಷಣಿಕ, ಮಾನನಷ್ಟದ ನೋಟಿಸು ಬಂದರೆ ತಾಪತ್ರಯ ದೀರ್ಘ.

ಎರಡು ಮೂರು ದಿನ ಕದಲದ ಅಪರಿಚಿತ ವಾಹನದ ಮಾತು ಬೇರೆ. ಅದು ಕಳವಿನದ್ದಿರಬಹುದು, ಅಪರಾಧಕ್ಕೆ ಬಳಸಿದ್ದಿರಬಹುದು. 2022ರ ನವೆಂಬರ್ 19ರಂದು ಪಕ್ಕದ ನಾಗುರಿ ಬಳಿ ಆಟೋರಿಕ್ಷಾದಲ್ಲಿ ಕುಕ್ಕರ್ ಸ್ಫೋಟಗೊಂಡದ್ದನ್ನು ಇಲ್ಲಿನ ಜನ ಮರೆತಿಲ್ಲ. ಇಂತಹ ವಾಹನವನ್ನು ಮುಟ್ಟದೆ ಪೊಲೀಸರಿಗೆ ಲಿಖಿತವಾಗಿ ತಿಳಿಸಿ ಹಿಂಬರಹ ಪಡೆಯುವುದು ಕ್ಷೇಮ.

ದಿನಾ ನಿಲ್ಲಿಸುವವರು

ದಿನಕ್ಕೊಬ್ಬರು ಬಂದು ನಿಲ್ಲಿಸಿದರೆ ಸಿವಿಲ್ ದಾವೆಯಿಂದ ಪ್ರಯೋಜನವಿಲ್ಲ; ಯಾರ ಮೇಲೆ ಹೂಡುವುದು? ಆದರೆ ಪಕ್ಕದ ಸಂಸ್ಥೆಯ ಸಿಬ್ಬಂದಿ, ನೆರೆಯ ಸಭಾಂಗಣಕ್ಕೆ ಬರುವವರು ಅಥವಾ ಒಬ್ಬ ನಿರ್ದಿಷ್ಟ ವ್ಯಕ್ತಿ ಪದೇ ಪದೇ ನಿಲ್ಲಿಸುತ್ತಿದ್ದರೆ ವಕೀಲರ ನೋಟಿಸು ನೀಡಿ, ನಿರ್ದಿಷ್ಟ ಪರಿಹಾರ ಕಾಯ್ದೆಯ 38ನೇ ಕಲಮಿನಡಿ ಶಾಶ್ವತ ನಿರ್ಬಂಧಕಾಜ್ಞೆ ಕೋರಬಹುದು. ದಾವೆ ಮುಗಿಯುವವರೆಗೆ ತಾತ್ಕಾಲಿಕ ತಡೆಯನ್ನೂ ಕೇಳಬಹುದು. ನ್ಯಾಯಾಲಯದ ಮೆಟ್ಟಿಲೇರುವ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳುವ ಅವಕಾಶವೂ ಇದೆ. ಅಲ್ಲಿ ಆದ ತೀರ್ಮಾನಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ನೆರೆಹೊರೆಯಲ್ಲಿಯೇ ಬದುಕಬೇಕಾದ, ಅದೇ ಜನರನ್ನು ಗಿರಾಕಿಗಳೆಂದು ಎದುರುಗೊಳ್ಳಬೇಕಾದ ಸಣ್ಣ ವ್ಯಾಪಾರಿಗೆ ಈ ದಾರಿಯೇ ಹೆಚ್ಚು ಒಗ್ಗುತ್ತದೆ.

'ಇರಲಿ, ನಿಲ್ಲಿಸಲಿ' ಎಂದು ಸುಮ್ಮನಿರುವವರೂ ಒಂದು ವಿಷಯ ತಿಳಿದಿರಬೇಕು. 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಪ್ರಕಾರ ಯಾರೇ ಆಗಲಿ ಇಪ್ಪತ್ತು ವರ್ಷ ಕಾಲ ಬಹಿರಂಗವಾಗಿ, ಅಡೆತಡೆಯಿಲ್ಲದೆ, ಹಕ್ಕೆಂಬಂತೆ ಮತ್ತೊಬ್ಬರ ಜಾಗದ ಮೇಲೆ ಓಡಾಡಿಕೊಂಡಿದ್ದರೆ ದಾರಿಯ ಹಕ್ಕು ಕೇಳಬಹುದು. ದಾರಿಯ ನೆಪದಲ್ಲಿ ಅಂಗಳವನ್ನೇ ಕೇಳುವ ತಕರಾರುಗಳು ಹುಟ್ಟುವುದು ಹೀಗೆ. ಒಪ್ಪಿಗೆಯಿಂದ ನಡೆದ ಬಳಕೆಗೆ ಮಾತ್ರ ಈ ಹಕ್ಕು ಹುಟ್ಟುವುದಿಲ್ಲ. ಆದ್ದರಿಂದ ಹಬ್ಬಕ್ಕೋ ಮದುವೆಗೋ ಜಾಗ ಬಿಟ್ಟುಕೊಡುವಾಗ, ಅಥವಾ ಅಂಗಡಿ ಮುಚ್ಚಿದ ಬಳಿಕ ರಾತ್ರಿ ನಿಲ್ಲಿಸಿಕೊಳ್ಳಲು ನೆರೆಯವರಿಗೆ ಹೇಳುವಾಗ, ಇಂತಹ ದಿನದಿಂದ ಇಂತಹ ದಿನದವರೆಗೆ ಅನುಮತಿ ನೀಡಲಾಗಿದೆ, ಬೇಡವೆಂದಾಗ ಹಿಂಪಡೆಯಬಹುದು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ ತಲಾ ಒಂದು ಪ್ರತಿ ಇಟ್ಟುಕೊಂಡರೆ ಸಾಕು. ತಿಂಗಳಿಗೆ ಇಷ್ಟೆಂದು ಬಾಡಿಗೆ ಪಡೆಯುವುದಿದ್ದರೆ ರಶೀದಿ ಕೊಡಬೇಕು. ಆ ಆದಾಯವನ್ನು ಲೆಕ್ಕಕ್ಕೂ ತೋರಿಸಬೇಕಾಗುತ್ತದೆ.