ಹಳೆಯ ಯಂತ್ರದ ಹಾಡು, ತಿದ್ದಬಾರದ ತಪ್ಪು

ಅಣ್ಣ ತೀರಿಕೊಂಡು ಏಳು ವರ್ಷಗಳಾದ ಮೇಲೆ, ಕಳೆದ ಬೇಸಿಗೆಯಲ್ಲಿ, ಮೂಡಲಗಿಯ ನಮ್ಮ ಹಳೆಯ ಮನೆಯ ಅಟ್ಟದ ಮೇಲಿದ್ದ ಅವನ ಟ್ರಂಕನ್ನು ಬಿಚ್ಚಿದೆವು. ಗಣಿತ ಶಿಕ್ಷಕನೊಬ್ಬನ ಟ್ರಂಕಿನಲ್ಲಿ ಇರಬೇಕಾದದ್ದೆಲ್ಲ ಅಲ್ಲಿತ್ತು: ಹಳೆಯ ಪಠ್ಯಪುಸ್ತಕ, ಭಜನೆಯ ವಹಿ, ತುಕ್ಕು ಹಿಡಿದ ಕೈವಾರ, ಹತ್ತೆಂಟು ಕ್ಯಾಸೆಟ್ಟು. ಒಂದು ಕ್ಯಾಸೆಟ್ಟಿನ ಮೇಲೆ ಅವನ ಕೈಬರಹದಲ್ಲಿ ‘ಭೂಪ, ಬಿಬಿಸಿ’ ಎಂದಿತ್ತು. ಭೂಪ ರಾಗವನ್ನು ಯಾರೋ ಲಂಡನ್ನಿನ ಬಾನುಲಿಯಲ್ಲಿ ಹಾಡಿದ್ದಿರಬೇಕೆಂದು ಭಾವಿಸಿ ಟೇಪ್ ರೆಕಾರ್ಡರಿಗೆ ಹಾಕಿದೆ. ಕಿವಿ ಕೊರೆಯುವ ಚೀರಾಟವಲ್ಲದೆ ಬೇರೇನೂ ಕೇಳಿಸಲಿಲ್ಲ. ಟೇಪು ಕೆಟ್ಟಿದೆಯೆಂದು ಪಕ್ಕಕ್ಕೆ ಎಸೆಯುವಷ್ಟರಲ್ಲಿ ಅಣ್ಣನ ಮಗಳು ತಡೆದಳು. ಪುಣೆಯಲ್ಲಿ ತಂತ್ರಾಂಶದ ಕೆಲಸದಲ್ಲಿರುವ ಅವಳು ಆ ಚೀರಾಟವನ್ನು ಗುರುತು ಹಿಡಿದಿದ್ದಳು. ‘ಕಾಕಾ, ಇದು ಕೆಟ್ಟ ಕ್ಯಾಸೆಟ್ ಅಲ್ರಿ, ಇದರಾಗ ಪ್ರೋಗ್ರಾಮ್ ಐತಿ’ ಎಂದಳು.

ಆಗ ನನಗೆ ‘ಬಿಬಿಸಿ’ ಎಂಬುದರ ಅರ್ಥ ಹೊಳೆಯಿತು. 1984-85ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆಗಾಗಿ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿತು. ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಏಕಾರ್ನ್ ಕಂಪನಿಯ ‘ಬಿಬಿಸಿ ಮೈಕ್ರೊ’ ಯಂತ್ರಗಳು ಬಂದವು. ಬ್ರಿಟಿಷ್ ಬಾನುಲಿ ಸಂಸ್ಥೆ ತನ್ನ ನಾಡಿನ ಜನರಿಗೆ ಕಂಪ್ಯೂಟರ್ ಕಲಿಸಲು 1981ರಲ್ಲಿ ತನ್ನದೇ ಹೆಸರು ಕೊಟ್ಟು ಹೊರತಂದಿದ್ದ ಯಂತ್ರವದು. ಅದರ ಸ್ಮೃತಿ 32 ಕಿಲೊಬೈಟ್. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಛಾಯಾಚಿತ್ರಕ್ಕೂ ಅದು ಸಾಲದು. ಬರೆದ ಪ್ರೋಗ್ರಾಮನ್ನು ಉಳಿಸಿಕೊಳ್ಳಲು ಸಾಮಾನ್ಯ ಆಡಿಯೊ ಕ್ಯಾಸೆಟ್ಟೇ ಸಾಕಾಗುತ್ತಿತ್ತು. ಅಣ್ಣ ಕಲಿಸುತ್ತಿದ್ದ ಶಾಲೆಯೂ ಆ ಯೋಜನೆಗೆ ಸೇರಿತ್ತು. ಗಣಿತದವನೆಂಬ ಕಾರಣಕ್ಕೆ ಯಂತ್ರಗಳ ಉಸ್ತುವಾರಿ ಅವನ ಪಾಲಿಗೆ ಬಂದಿತ್ತು.

1986ರ ದೀಪಾವಳಿಯ ರಜೆ ನನಗೆ ಚೆನ್ನಾಗಿ ನೆನಪಿದೆ. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಆಗಷ್ಟೇ ಸೇವೆಗೆ ಸೇರಿದ್ದ ನನಗೆ ಜಗತ್ತಿನ ಎಲ್ಲ ವೆಚ್ಚಗಳ ಲೆಕ್ಕವೂ ಗೊತ್ತಿದೆಯೆಂಬ ಹಮ್ಮಿತ್ತು. ಅಣ್ಣ ಬಾಗಿಲು ಮುಚ್ಚಿದ ಶಾಲೆಗೆ ನನ್ನನ್ನು ಕರೆದೊಯ್ದು, ಯಂತ್ರದ ಮುಂದೆ ಕೂರಿಸಿ, ಜೀರುಂಡೆಯಂಥ ದನಿಯಲ್ಲಿ ಏನೋ ಕೇಳಿಸಿದ. ಸರ್ಕಾರ ವಿದೇಶಿ ವಿನಿಮಯ ತೆತ್ತು ತರಿಸಿದ ಯಂತ್ರದಲ್ಲಿ ಪೇಟಿ ಬಾರಿಸುತ್ತೀಯಲ್ಲ, ಇದರ ಅವಕಾಶ ವೆಚ್ಚವೇನು ಗೊತ್ತೇ ಎಂದು ಕೇಳಿದೆ. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ. ಅವನು ಸಿಟ್ಟಾಗಲಿಲ್ಲ. ‘ಪೇಟಿಗೆ ಬಾರದ್ದು ಇದಕ್ಕ ಬರತೈತಿ, ತಮ್ಮಾ’ ಎಂದಷ್ಟೇ ಹೇಳಿ ಯಂತ್ರವನ್ನು ಆರಿಸಿದ. ಅದನ್ನು ನಾನು ಹೊಸ ಆಟಿಕೆ ಸಿಕ್ಕವನ ಬಡಾಯಿ ಎಂದುಕೊಂಡೆ. ಆ ವಿಷಯವನ್ನು ನಾವಿಬ್ಬರೂ ಮತ್ತೆಂದೂ ಎತ್ತಲಿಲ್ಲ.

ಈಗ ಕ್ಯಾಸೆಟ್ಟೇನೋ ಇತ್ತು, ಯಂತ್ರವಿರಲಿಲ್ಲ. ಶಾಲೆಯ ಯಂತ್ರಗಳು ಎಂದೋ ಗುಜರಿಗೆ ಹೋಗಿದ್ದವು. ಇಲ್ಲಿ ಓದುಗರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಭಜನೆಯ ಕ್ಯಾಸೆಟ್ಟಿನಲ್ಲಿರುವುದು ಹಾಡಿದವರ ದನಿ; ಯಾವ ಟೇಪ್ ರೆಕಾರ್ಡರಾದರೂ ಅದನ್ನು ನುಡಿಸೀತು. ಅಣ್ಣನ ಕ್ಯಾಸೆಟ್ಟಿನಲ್ಲಿ ಹಾಡಿರಲಿಲ್ಲ. ಹಾಡುವುದು ಹೇಗೆಂದು ನಿರ್ದಿಷ್ಟ ಯಂತ್ರವೊಂದಕ್ಕೆ ಕೊಟ್ಟ ಆದೇಶಗಳಿದ್ದವು. ಯಂತ್ರವಿಲ್ಲದಿದ್ದರೆ ಆದೇಶವಿದ್ದೂ ಇಲ್ಲದಂತೆ. ಮುಂಬೈ ಕರ್ನಾಟಕದಲ್ಲಿ ಕೆಲಸ ಮಾಡಿದ ಕಂದಾಯ ಅಧಿಕಾರಿಗಳಿಗೆ ಈ ಸಂಕಟ ಹೊಸದಲ್ಲ. ಮೋಡಿ ಲಿಪಿಯ ಹಳೆಯ ದಫ್ತರು ಗೆದ್ದಲು ಹಿಡಿಯದೆ ಉಳಿದಿದ್ದರೂ ಓದಬಲ್ಲ ವೃದ್ಧರು ಇಲ್ಲವಾದ ಮೇಲೆ ಆ ಕಾಗದ ಮೂಕವಾಗುತ್ತದೆ.

ಮೋಡಿ ಓದುವ ಆ ವೃದ್ಧರ ಕೆಲಸವನ್ನು ಕಂಪ್ಯೂಟರ್ ಲೋಕದಲ್ಲಿ ಮಾಡುವುದು ಎಮ್ಯುಲೇಟರ್ ಎಂಬ ಅನುಕರಣ ತಂತ್ರಾಂಶ. ಅದು ಹಳೆಯ ಯಂತ್ರದ ಒಂದೊಂದು ಅಂಗವೂ ಹೇಗೆ ವರ್ತಿಸುತ್ತಿತ್ತೋ ಹಾಗೆಯೇ ಇಂದಿನ ಕಂಪ್ಯೂಟರಿನೊಳಗೆ ನಟಿಸುತ್ತದೆ. ಬಿಬಿಸಿ ಮೈಕ್ರೊದ 6502 ಎಂಬ ಸಂಸ್ಕಾರಕದ ಗಡಿಯಾರ ಕ್ಷಣಕ್ಕೆ 20 ಲಕ್ಷ ಸಲ ಮಿಡಿಯುತ್ತಿತ್ತು. ತಂತ್ರಾಂಶವೂ ಆ ಮಿಡಿತಗಳನ್ನು ಎಣಿಸುತ್ತಲೇ ಸಾಗುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಪುಟ್ಟ ಚಿಪ್ಪೊಂದು ಆ ಯಂತ್ರಕ್ಕೆ ಮೂರು ಸ್ವರಗಳನ್ನೂ ಒಂದು ಗದ್ದಲವನ್ನೂ ಒಟ್ಟಿಗೆ ಹೊರಡಿಸುವ ಶಕ್ತಿ ಕೊಟ್ಟಿತ್ತು. ಅದಕ್ಕೂ ತಂತ್ರಾಂಶದಲ್ಲಿ ಒಬ್ಬ ಪಾತ್ರಧಾರಿಯಿದ್ದಾನೆ. ಹಳೆಯ ಪ್ರೋಗ್ರಾಮಿಗೆ ತಾನಿರುವುದು ಹೊಸ ಯಂತ್ರದಲ್ಲೆಂಬ ಅರಿವೇ ಆಗುವುದಿಲ್ಲ.

ಅಣ್ಣನ ಮಗಳು ಬೀಬ್‌ಎಮ್ ಎಂಬ ಇಂಥ ತಂತ್ರಾಂಶವನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಳು. ಕ್ಯಾಸೆಟ್ಟಿನ ಚೀರಾಟವನ್ನು ಹಾಗೆಯೇ ಮುದ್ರಿಸಿಕೊಂಡು ಅದು ಓದುವ ರೂಪಕ್ಕೆ ತಂದಳು. ಆ ಚೀರಾಟವೆಂದರೆ ಎರಡೇ ಸ್ವರ: 1200 ಕಂಪನದ್ದೊಂದು, 2400 ಕಂಪನದ್ದೊಂದು, ಅವೇ ಸೊನ್ನೆ ಮತ್ತು ಒಂದು. ಪರದೆಯ ಮೇಲೆ ‘ಲೋಡಿಂಗ್’ ಎಂಬ ಪದ ಮೂಡಿ, ಕಂತುಗಳ ಸಂಖ್ಯೆ ಒಂದೊಂದಾಗಿ ಏರಿ, ಮೂರನೆಯದಕ್ಕೆ ‘ಡೇಟಾ?’ ಎಂದು ನಿಂತಿತು. ಈ ಯಂತ್ರ ಪ್ರೋಗ್ರಾಮನ್ನು 256 ಬೈಟುಗಳ ಕಂತುಗಳಾಗಿ ಬರೆದು ಪ್ರತಿಯೊಂದರ ಕೊನೆಗೂ ಒಂದು ತಾಳೆಸಂಖ್ಯೆಯನ್ನು ಸೇರಿಸುತ್ತದೆ. ಓದುವಾಗ ಲೆಕ್ಕ ತಾಳೆಯಾಗದಿದ್ದರೆ ಮುಂದಕ್ಕೆ ಹೋಗುವುದಿಲ್ಲ. ಖಜಾನೆಯ ಹಳೆಯ ಗುಮಾಸ್ತರೂ ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. ಟೇಪ್ ರೆಕಾರ್ಡರಿನ ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಮತ್ತೆ ಮುದ್ರಿಸಿಕೊಂಡ ಮೇಲೆ, ಎರಡನೆಯ ದಿನದ ಸಂಜೆ, ಎಲ್ಲ ಕಂತುಗಳೂ ತಾಳೆಯಾದವು. ಸುಮಾರು ನಲವತ್ತು ವರ್ಷಗಳ ಹಿಂದಿನ ಅದೇ ಜೀರುಂಡೆಯ ದನಿ ಅಡುಗೆಮನೆಯವರೆಗೂ ಕೇಳಿಸಿತು. ವೈನಿ ಹೊರಗೆ ಬಂದು ಬಾಗಿಲಲ್ಲೇ ನಿಂತರು. ಭೂಪದ ಆರೋಹ, ಅವರೋಹ, ಒಂದಿಷ್ಟು ಸರಗಮ್. ಎಲ್ಲ ಸೇರಿ ಎರಡು ನಿಮಿಷ.

ಕಥೆ ಅಲ್ಲಿಗೇ ಮುಗಿದಿದ್ದರೆ ಅದು ಮನೆಯ ಮಟ್ಟಿನ ಸಂತೋಷವಾಗಿ ಉಳಿಯುತ್ತಿತ್ತು. ಕೇಳುವಾಗ ಎಲ್ಲೋ ಅಪಸ್ವರವಿದೆ ಎನಿಸಿ ಪ್ರೋಗ್ರಾಮಿನ ಸಾಲುಗಳನ್ನು ತೋರಿಸೆಂದೆ. ಈ ಯಂತ್ರದಲ್ಲಿ ಸ್ವರಕ್ಕೆ ಒಂದೊಂದು ಅಂಕಿ. ಪೇಟಿಯ ಬಿಳಿ ಒಂದರ ಷಡ್ಜಕ್ಕೆ 53. ಪೇಟಿಯ ಒಂದು ಮನೆಯಿಂದ ಪಕ್ಕದ ಮನೆಗೆ ನಾಲ್ಕು ಅಂಕಿಗಳ ಅಂತರ. ಹಾಗಾಗಿ ರಿಷಭ 61, ಗಾಂಧಾರ 69, ಪಂಚಮ 81, ಧೈವತ 89, ಮೇಲಿನ ಷಡ್ಜ 101 ಆಗಬೇಕು. ಅಣ್ಣನ ಪಟ್ಟಿಯಲ್ಲಿ ಗಾಂಧಾರಕ್ಕೆ 68 ಎಂದಿತ್ತು, ಧೈವತಕ್ಕೆ 88. ಟೇಪಿನ ದೋಷವಿರಬೇಕು, ಇಲ್ಲವೇ ಅವನ ಎಣಿಕೆಯ ತಪ್ಪು ಎಂದುಕೊಂಡು, ಮೂರು ದಶಕ ಕಡತ ತಿದ್ದಿದ ಅಭ್ಯಾಸಬಲದಿಂದ ‘ಅದನ್ನು ಸರಿಮಾಡು’ ಎಂದೆ. ಅವಳು ಬೇರೊಂದು ಪ್ರತಿ ಮಾಡಿ ಸರಿಮಾಡಿದಳು. ಆಮೇಲೆ, ಟೇಪಿನ ದೋಷವಾಗಿದ್ದರೆ ತಾಳೆಸಂಖ್ಯೆ ಒಪ್ಪುತ್ತಿರಲಿಲ್ಲವಲ್ಲ ಕಾಕಾ ಎಂದಳು. ಎಣಿಕೆಯ ತಪ್ಪಾಗಿದ್ದರೆ ಒಂದು ಕಡೆ ಆಗಬೇಕಿತ್ತು. ಎಲ್ಲ ಗಾಂಧಾರವೂ 68, ಎಲ್ಲ ಧೈವತವೂ 88, ಉಳಿದ ಸ್ವರಗಳೆಲ್ಲ ಸರಿಯಾಗಿ ಇರುವುದು ಹೇಗೆ?

ಮೊಬೈಲಿನಲ್ಲಿದ್ದ ತಂಬೂರಿಯನ್ನು ಹಚ್ಚಿ ಎರಡು ಪ್ರತಿಗಳನ್ನೂ ಕೇಳಿದೆವು. ಆಗ ಅರ್ಥವಾಯಿತು. ಸಪ್ತಕವನ್ನು 1200 ಭಾಗ ಮಾಡಿದರೆ ಪೇಟಿಯ ಗಾಂಧಾರ 400ರಲ್ಲಿ ಕೂರುತ್ತದೆ. ಶ್ರುತಿಗೂಡಿದ ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ ಇರುವುದು 386ರ ಸುಮಾರಿನಲ್ಲಿ. ಧೈವತ ಪೇಟಿಯಲ್ಲಿ 900, ಶುದ್ಧ ಶ್ರುತಿಯಲ್ಲಿ 884. ರಿಷಭ, ಪಂಚಮಗಳಲ್ಲಿ ಇಂಥ ದೊಡ್ಡ ಅಂತರವಿಲ್ಲ. ಗಾಂಧಾರ ಭೂಪದ ವಾದಿ ಸ್ವರ, ಧೈವತ ಸಂವಾದಿ. ರಾಗದ ಜೀವವೇ ಆ ಎರಡು ಸ್ವರಗಳಲ್ಲಿದೆ. ಪೇಟಿ ಎಲ್ಲಿ ಹೆಚ್ಚು ಸೋಲುತ್ತದೋ ಸರಿಯಾಗಿ ಅಲ್ಲಿಯೇ ಅಣ್ಣ ಒಂದೊಂದು ಮೆಟ್ಟಿಲು ಕೆಳಗಿಳಿದಿದ್ದ. ಯಂತ್ರದ ಒಂದು ಮೆಟ್ಟಿಲು 25 ಭಾಗದ್ದು. ಆದ್ದರಿಂದ ಅವನಿಗೆ ಸಿಕ್ಕದ್ದು 375 ಮತ್ತು 875. ಪೂರ್ತಿ ಗುರಿ ಮುಟ್ಟಲಿಲ್ಲ, ಗಾಂಧಾರದಲ್ಲಿ ಲಾಭ ತೀರ ಅಲ್ಪ. ಆದರೂ ಪೇಟಿಗಿಂತ ಹತ್ತಿರ. ‘ಪೇಟಿಗೆ ಬಾರದ್ದು ಇದಕ್ಕ ಬರತೈತಿ’ ಎಂದು 1986ರಲ್ಲಿ ಅವನು ಹೇಳಿದ್ದು ಬಡಾಯಿಯಾಗಿರಲಿಲ್ಲ. ಅದು ಒಂದು ಅಳತೆ. ಕೇಳಿ ತಿಳಿದುಕೊಳ್ಳುವ ವ್ಯವಧಾನ ನನಗಿರಲಿಲ್ಲ.

ಪೇಟಿಯ ಮೇಲಿನ ಈ ಆಕ್ಷೇಪ ಹಳೆಯದು. 1940ರಲ್ಲಿ ಆಕಾಶವಾಣಿ ಅದನ್ನು ತನ್ನ ನಿಲಯಗಳಿಂದ ಹೊರಗಿಟ್ಟದ್ದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಆ ಬಿಗಿ ಸಡಿಲಾದದ್ದು 1970ರ ದಶಕದ ಆರಂಭದಲ್ಲಿ. ಶ್ರೀಕೃಷ್ಣ ಪಾರಿಜಾತಕ್ಕೆ ಹೆಸರಾದ ಕುಲಗೋಡ, ಕೌಜಲಗಿಗಳ ಈ ಸೀಮೆಯಲ್ಲಿ ಪೇಟಿಯಿಲ್ಲದ ಆಟವಿಲ್ಲ, ಭಜನೆಯಿಲ್ಲ. ಪೇಟಿಯನ್ನು ಪ್ರೀತಿಸುತ್ತಲೇ ಅದರ ಕೊರತೆಯನ್ನು ಬಲ್ಲ ಒಬ್ಬ ಮೇಷ್ಟ್ರು, ಮಕ್ಕಳಿಗೆ ಬೇಸಿಕ್ ಭಾಷೆ ಕಲಿಸಲು ಬಂದ ಯಂತ್ರದಲ್ಲಿ ಆ ಕೊರತೆ ತುಂಬಲು ನೋಡಿದ. ಅದಕ್ಕೆ ಸಾಕ್ಷಿಯಾಗಿ ಉಳಿದಿರುವುದು ಎರಡು ಅಂಕಿಗಳು ಮಾತ್ರ.

ನಾನು ಈ ಲೇಖನ ಬರೆಯುತ್ತಿರುವುದು ಆ ಅಂಕಿಗಳ ಸಲುವಾಗಿ. ಇಷ್ಟೆಲ್ಲ ತಾಪತ್ರಯ ಏಕೆ, ಸ್ವರ ಬರೆದುಕೊಂಡು ಯಾರಾದರೂ ಪೇಟಿಯಲ್ಲೋ ಕೀಬೋರ್ಡಿನಲ್ಲೋ ನುಡಿಸಿದರೆ ಸಾಲದೇ ಎಂದು ಮೊದಲ ದಿನ ನಾನೇ ಕೇಳಿದ್ದೆ. ಹಾಗೆ ಮಾಡಿದ್ದರೆ ರಾಗ ಉಳಿಯುತ್ತಿತ್ತು, ಅಣ್ಣ ಉಳಿಯುತ್ತಿರಲಿಲ್ಲ. 68 ಮತ್ತು 69 ಎರಡೂ ಪೇಟಿಯ ಒಂದೇ ಮನೆಗೆ ಬೀಳುತ್ತಿದ್ದವು. ಸಾರಾಂಶ ತೆಗೆಯುವವನು ಯಾವುದು ಮುಖ್ಯವೆಂದು ಮೊದಲೇ ತೀರ್ಮಾನಿಸಿರುತ್ತಾನೆ. ಎಮ್ಯುಲೇಟರಿಗೆ ಅಂಥ ತೀರ್ಮಾನವಿಲ್ಲ. ನಮಗೆ ಮುಖ್ಯವೆಂದು ಗೊತ್ತೇ ಇಲ್ಲದ ಸಂಗತಿಯನ್ನೂ ಅದು ಉಳಿಸಿಕೊಡುತ್ತದೆ.

ಹೊರಜಗತ್ತಿನ ಹವ್ಯಾಸಿಗಳು ಇದನ್ನು ಬೇಗ ಅರಿತರು. 1982ರ ಕಮೊಡೋರ್ 64 ಯಂತ್ರಕ್ಕೆ ಬಾಬ್ ಯಾನ್ನೆಸ್ ರೂಪಿಸಿದ ‘ಸಿಡ್’ ಎಂಬ ಚಿಪ್ಪಿನಲ್ಲಿ ಒಂದು ದೋಷವಿತ್ತು: ಅದರ ದನಿ ಸೋಸುವ ಭಾಗ ಒಂದು ಚಿಪ್ಪಿನಲ್ಲಿದ್ದಂತೆ ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಆ ಚಿಪ್ಪನ್ನು ಅನುಕರಿಸುವವರು ದೋಷವನ್ನೂ ಅಳೆದು ಅನುಕರಿಸಿದರು. ಏಕೆಂದರೆ ಅಂದಿನ ಸಂಗೀತಗಾರರು ಆ ದೋಷವನ್ನು ಕೇಳುತ್ತಲೇ ರಾಗ ಕಟ್ಟಿದ್ದರು. ಇಂದು ಆ ಯಂತ್ರದ 50 ಸಾವಿರಕ್ಕೂ ಹೆಚ್ಚು ರಚನೆಗಳು ಒಂದೆಡೆ ಸಂಗ್ರಹವಾಗಿವೆ. ಅವೆಲ್ಲ ಧ್ವನಿಮುದ್ರಣಗಳಲ್ಲ, ಪ್ರೋಗ್ರಾಮುಗಳು.

ಇದು ಸಂಗೀತಕ್ಕಷ್ಟೇ ಸೀಮಿತವೂ ಅಲ್ಲ. ಇಂಗ್ಲೆಂಡಿನ ಭೂ ದಾಖಲೆಯಾದ ಡೂಮ್ಸ್‌ಡೇ ಪುಸ್ತಕ ರಚಿತವಾದದ್ದು 1086ರಲ್ಲಿ. ಅದರ 900ನೇ ವರ್ಷಕ್ಕೆ, 1986ರಲ್ಲಿ, ಹತ್ತು ಲಕ್ಷಕ್ಕೂ ಹೆಚ್ಚು ಜನ ಕೈಗೂಡಿಸಿ ತಮ್ಮ ನಾಡಿನ ವಿವರಗಳನ್ನು ಲೇಸರ್ ತಟ್ಟೆಗಳಲ್ಲಿ ತುಂಬಿದರು. ಅದನ್ನು ಓದಲು ಬಳಸಿದ್ದು ಇದೇ ಬಿಬಿಸಿ ಕುಟುಂಬದ ಯಂತ್ರ. ಹದಿನೈದೇ ವರ್ಷಗಳಲ್ಲಿ ಆ ಯಂತ್ರಗಳು ವಿರಳವಾಗಿ ತಟ್ಟೆಗಳು ಮೂಕವಾಗತೊಡಗಿದವು. ಒಂಬತ್ತು ಶತಮಾನದ ಹಳೆಯ ಚರ್ಮದ ಹಾಳೆಗಳನ್ನು ಮಾತ್ರ ಓದಬಹುದಾಗಿತ್ತು. 2002ರ ಹೊತ್ತಿಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಅದಕ್ಕೆ ದನಿ ಮರಳಿಸಿದ್ದು ಎಮ್ಯುಲೇಟರಿನ ಮೂಲಕವೇ. ನಮ್ಮ ಕಚೇರಿಗಳಲ್ಲಿ 1990ರ ದಶಕದಲ್ಲಿ ಹಳೆಯ ಕನ್ನಡ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತಗಳನ್ನು ಇಂದಿನ ಕಂಪ್ಯೂಟರಿನಲ್ಲಿ ತೆರೆದು ಅರ್ಥವಿಲ್ಲದ ಚಿಹ್ನೆಗಳನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಒಂದು ಕಾನೂನಿನ ತೊಡಕೂ ಇದೆ. 1984ರ ತಿದ್ದುಪಡಿಯಿಂದ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಸಾಹಿತ್ಯ ಕೃತಿಯೇ. ಸಾಹಿತ್ಯ ಕೃತಿಯ ಹಕ್ಕು ಲೇಖಕನ ನಂತರವೂ 60 ವರ್ಷ ಇರುತ್ತದೆ. ಎಮ್ಯುಲೇಟರಿಗೆ ಹಳೆಯ ಯಂತ್ರದೊಳಗಿನ ಮೂಲ ತಂತ್ರಾಂಶ ಬೇಕು. ಅದಕ್ಕೂ ಯಾರೋ ಹಕ್ಕುದಾರರಿದ್ದಾರೆ. ಕಾದಂಬರಿ 60 ವರ್ಷ ಕಪಾಟಿನಲ್ಲಿ ಕಾಯಬಲ್ಲುದು. ಕ್ಯಾಸೆಟ್ಟಿನ ಕಾಂತಪಟ್ಟಿ ಕಾಯುವುದಿಲ್ಲ. ಪೇಟೆಯಲ್ಲಿ ಬೆಲೆಯೇ ಇಲ್ಲದ ಹಕ್ಕು, ಬೆಲೆ ಕಟ್ಟಲಾಗದ ನೆನಪಿಗೆ ಅಡ್ಡ ನಿಂತರೆ ಯಾರಿಗೂ ಲಾಭವಿಲ್ಲ. ಗ್ರಂಥಾಲಯಗಳಿಗೆ ಮತ್ತು ದಾಖಲಾತಿ ಸಂಸ್ಥೆಗಳಿಗೆ ಈ ವಿಷಯದಲ್ಲಿ ಸ್ಪಷ್ಟವಾದ ರಿಯಾಯಿತಿ ಬೇಕು.

ಅಲ್ಲಿಯವರೆಗೆ ಮಾಡಬಹುದಾದ ಕೆಲಸ ದುಬಾರಿಯದೇನಲ್ಲ. ಆ ಯೋಜನೆಯ ಶಾಲೆಗಳಲ್ಲಿ ದುಡಿದು ನಿವೃತ್ತರಾದ ಶಿಕ್ಷಕರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮನೆಯ ಅಟ್ಟಗಳಲ್ಲಿ ‘ಕೆಟ್ಟ’ ಕ್ಯಾಸೆಟ್ಟುಗಳಿರಬಹುದು. ನಮ್ಮ ವಿಶ್ವವಿದ್ಯಾಲಯಗಳು ತಾಡವೋಲೆ ಸಂಗ್ರಹಿಸಿದ ಶ್ರದ್ಧೆಯ ಒಂದಂಶವನ್ನು ಇವುಗಳಿಗೂ ಕೊಡಲಿ. ಒಂದೇ ನಿಯಮವಿರಲಿ: ಮೊದಲು ಇದ್ದದ್ದನ್ನು ಇದ್ದ ಹಾಗೆಯೇ ಪ್ರತಿಮಾಡಿ, ಸ್ವಚ್ಛಗೊಳಿಸುವುದು, ತಿದ್ದುವುದು ಏನಿದ್ದರೂ ಇನ್ನೊಂದು ಪ್ರತಿಯಲ್ಲಿ.

ನಾನು ತಿದ್ದಿಸಿದ ಪ್ರತಿಯನ್ನು ಅಣ್ಣನ ಮಗಳು ಅಳಿಸಿಲ್ಲ. ಕಾಕಾ ಮಾಡಿದ ತಪ್ಪೂ ದಾಖಲೆಯಲ್ಲಿ ಇರಲಿ ಎನ್ನುತ್ತಾಳೆ. ಅವಳ ನಿಯಮದ ಪ್ರಕಾರ ಅದು ಸರಿಯೇ.