ಅಂಗಡಿಬೀದಿ ಮನಸ್ಸು ಮಾಡಿದರೆ

ಯಾವ ತಾಲ್ಲೂಕಿಗೆ ಹೋದರೂ ಊರ ಹೊರಗಿನ ಹೊಸ ಬಡಾವಣೆಯಲ್ಲಿ ಇಂಥದೊಂದು ಮನೆ ಕಣ್ಣಿಗೆ ಬೀಳುತ್ತದೆ. ಗೋಡೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿರುತ್ತದೆ. ಮೂಲೆಗಳಲ್ಲಿ ಮೇಲೆದ್ದ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿದಿರುತ್ತದೆ. ಬಾಗಿಲಿನ ಜಾಗದಲ್ಲಿ ಹಳೇ ಸೀರೆಯೊಂದನ್ನು ಇಳಿಬಿಟ್ಟಿರುತ್ತಾರೆ. ಒಳಗೆ ಒಂದು ಮೂಲೆಗೆ ತಗಡು ಹೊದಿಸಿ, ಅದರಡಿ ಒಲೆ ಹೂಡಿ ಸಂಸಾರ ನಡೆದಿರುತ್ತದೆ. ‘ಮನೆ ಮಂಜೂರಾಗಿದೆ’ ಎಂದು ಕಡತ ಹೇಳುತ್ತದೆ. ಮಳೆ ಬಂದಾಗ ಮಕ್ಕಳನ್ನು ಎಲ್ಲಿ ಮಲಗಿಸುವುದೆಂದು ಆ ತಾಯಿಗೆ ತಿಳಿಯದು.

ಮನೆ ಅಲ್ಲಿಗೇ ನಿಲ್ಲುವುದಕ್ಕೆ ಕಾರಣ ಸರಳ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲುಸೀಮೆಯ ಹಳ್ಳಿಯ ಮನೆಗೆ ಸಿಗುವ ನೆರವು 1.20 ಲಕ್ಷ ರೂಪಾಯಿ. ಅದೂ ಕಂತುಗಳಲ್ಲಿ. ಒಂದು ಹಂತ ಮುಗಿದು, ಫೋಟೊ ಅಪ್‌ಲೋಡ್ ಆದ ಮೇಲೆ ಮುಂದಿನ ಹಣ. ಅಷ್ಟರೊಳಗೆ ಸಿಮೆಂಟು, ಕಬ್ಬಿಣ, ಮರಳಿನ ಬೆಲೆ ಏರಿರುತ್ತದೆ. ಕೈಸಾಲ ಮಾಡಿದರೆ ಮನೆಗಿಂತ ಮೊದಲು ಬಡ್ಡಿ ಬೆಳೆಯುತ್ತದೆ. ಹತ್ತಾರು ಸಾವಿರ ರೂಪಾಯಿಯ ಕೊರತೆಗೆ ಒಂದು ಕುಟುಂಬ ವರ್ಷಗಟ್ಟಲೆ ಆಕಾಶ ನೋಡುತ್ತ ಕೂರಬೇಕಾಗುತ್ತದೆ.

ಈ ಕೊರತೆಯನ್ನು ಊರಿನ ಅಂಗಡಿಬೀದಿ ತುಂಬಬಲ್ಲದೇ? ತುಂಬಬಲ್ಲದು ಎಂದು ತೋರಿಸಿದ ದಾರಿಯೊಂದು ಅಮೆರಿಕದ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಪುಟ್ಟ ಪಟ್ಟಣದ ಬದಿಯಲ್ಲಿ ಹುಟ್ಟಿತು. ಆ ಕಥೆ ಶುರುವಾಗುವುದು ಮಾತ್ರ ಅಂಗಡಿಗಳು ಬಾಗಿಲು ಮುಚ್ಚಿದಲ್ಲಿಂದ.

ಬಹಿಷ್ಕಾರದ ನೆಲದಲ್ಲಿ

1942ರಲ್ಲಿ ಕ್ಲಾರೆನ್ಸ್ ಜೋರ್ಡನ್ ಎಂಬ ಪಾದ್ರಿ ಗೆಳೆಯರೊಡನೆ ಅಲ್ಲಿ ‘ಕೊಯ್ನೊನಿಯಾ’ ಎಂಬ ಕೃಷಿ ಸಮುದಾಯ ಕಟ್ಟಿದರು. ಕರಿಯರೂ ಬಿಳಿಯರೂ ಒಟ್ಟಿಗೆ ದುಡಿದು ಒಂದೇ ಪಂಕ್ತಿಯಲ್ಲಿ ಉಣ್ಣುವ ಜಾಗ ಅದು. ವರ್ಣಭೇದ ಕಾನೂನಾಗಿದ್ದ ಆ ಕಾಲದಲ್ಲಿ ಊರು ಅದನ್ನು ಸಹಿಸಲಿಲ್ಲ. 1950ರ ದಶಕದಲ್ಲಿ ಸ್ಥಳೀಯ ವರ್ತಕರು ಬಹಿಷ್ಕಾರ ಹಾಕಿದರು. ಬಿತ್ತನೆ ಬೀಜ, ಗೊಬ್ಬರ, ಇಂಧನ ಕೊಡುವವರಿರಲಿಲ್ಲ. ಬೆಳೆದದ್ದನ್ನು ಕೊಳ್ಳುವವರೂ ಇರಲಿಲ್ಲ. ರಸ್ತೆ ಬದಿಯ ಅವರ ಮಳಿಗೆಗೆ ಬಾಂಬ್ ಇಟ್ಟರು. ಪೆಕಾನ್ ಬೀಜಗಳನ್ನು ಅಂಚೆ ಮೂಲಕ ದೂರದೂರಿಗೆ ಮಾರಿ ಆ ಸಮುದಾಯ ಜೀವ ಉಳಿಸಿಕೊಂಡಿತು. ಊರಿನ ವ್ಯಾಪಾರಕ್ಕೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಇದಕ್ಕಿಂತ ಕಹಿಯಾದ ಪಾಠ ಬೇಕಿಲ್ಲ.

1968ರಲ್ಲಿ ಮಿಲ್ಲರ್ಡ್ ಫುಲ್ಲರ್ ಎಂಬ ವಕೀಲರು ಜೋರ್ಡನ್ ಜೊತೆ ಸೇರಿದರು. ಮೂವತ್ತು ತುಂಬುವ ಮೊದಲೇ ಕೋಟ್ಯಧಿಪತಿಯಾಗಿ, ಹೆಂಡತಿ ಲಿಂಡಾ ಜೊತೆ ಕೂತು ಯೋಚಿಸಿ, ಆಸ್ತಿಯನ್ನೆಲ್ಲ ದಾನ ಮಾಡಿ ಬಂದವರು ಅವರು. ಅಕ್ಕಪಕ್ಕದ ಬಡ ಕೂಲಿಕಾರರು ಗುಡಿಸಲಿನಲ್ಲಿ ನರಳುವುದನ್ನು ಕಂಡು ಜೋರ್ಡನ್, ಫುಲ್ಲರ್ ಇಬ್ಬರೂ ಒಂದು ಲೆಕ್ಕ ಹಾಕಿದರು. ಮನೆಯನ್ನು ಲಾಭವಿಲ್ಲದೆ ಮಾರಬೇಕು. ಸಾಲಕ್ಕೆ ಬಡ್ಡಿ ಹಾಕಬಾರದು. ಮನೆಯವರು ತಾವೂ ದುಡಿಯಬೇಕು. ಅವರು ಕಟ್ಟುವ ಕಂತು ಒಂದು ನಿಧಿಗೆ ಸೇರಿ ಮುಂದಿನ ಮನೆ ಏಳಬೇಕು. ಮೊದಲ ಮನೆ ಮುಗಿಯುವ ಹೊತ್ತಿಗೆ, 1969ರಲ್ಲಿ, ಜೋರ್ಡನ್ ತೀರಿಕೊಂಡರು. ಫುಲ್ಲರ್ ದಂಪತಿ ಆಫ್ರಿಕಾದ ಝಯರ್‌ನಲ್ಲಿ ಅದೇ ಲೆಕ್ಕವನ್ನು ಪ್ರಯೋಗಿಸಿ ಬಂದು, 1976ರಲ್ಲಿ ‘ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ’ ಸ್ಥಾಪಿಸಿದರು. ಹತ್ತಿರದ ಪ್ಲೇನ್ಸ್ ಊರಿನವರಾದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಿಂದ ಸುತ್ತಿಗೆ ಹಿಡಿದು ಅದರ ಕೆಲಸಕ್ಕೆ ನಿಂತರು; ತೊಂಬತ್ತು ದಾಟಿದ ಮೇಲೂ ಬಿಡಲಿಲ್ಲ. ಭಾರತಕ್ಕೆ ಈ ಸಂಸ್ಥೆ 1983ರಲ್ಲೇ ಬಂತು. 2006ರಲ್ಲಿ ಲೋಣಾವಳದ ಬಳಿ ನೂರು ಮನೆ ಕಟ್ಟುವ ಕೆಲಸಕ್ಕೆ ಕಾರ್ಟರ್ ದಂಪತಿಯೇ ಬಂದಿದ್ದರು.

ಯಾರ ಬಳಿ ಏನಿದೆಯೋ ಅದು

ಈ ಪದ್ಧತಿಯ ಬೆನ್ನೆಲುಬು ಸ್ಥಳೀಯ ವ್ಯಾಪಾರ. ಅಲ್ಲಿನ ಊರುಗಳಲ್ಲಿ ಶನಿವಾರ ಮನೆ ಕೆಲಸ ನಡೆಯುವ ಜಾಗಕ್ಕೆ ಹೋದರೆ ಅದು ಕಣ್ಣಿಗೆ ಕಾಣುತ್ತದೆ. ಹಾರ್ಡ್‌ವೇರ್ ಅಂಗಡಿಯಿಂದ ಮೊಳೆ, ಬಣ್ಣ ಬರುತ್ತದೆ. ಪ್ಲಂಬರ್, ಎಲೆಕ್ಟ್ರೀಷಿಯನ್ ಕೂಲಿ ಕಡಿಮೆ ಮಾಡಿ ಅಥವಾ ಪುಕ್ಕಟೆ ಬರುತ್ತಾರೆ. ಬ್ಯಾಂಕಿನ ಸಿಬ್ಬಂದಿ ಟೈ ಬಿಚ್ಚಿಟ್ಟು ಗೋಡೆಗೆ ಬಣ್ಣ ಬಳಿಯುತ್ತಾರೆ. ಹೋಟೆಲಿನವರು ಮಧ್ಯಾಹ್ನದ ಊಟ ಕಳಿಸುತ್ತಾರೆ. ಇವರೆಲ್ಲರ ನಡುವೆ, ಆ ಮನೆಗೆ ಬರಲಿರುವ ಕುಟುಂಬವೂ ಬೆವರು ಸುರಿಸುತ್ತಿರುತ್ತದೆ. ನೂರಾರು ಗಂಟೆ ದುಡಿಯುವುದು ಅವರ ಪಾಲಿನ ಕರಾರು.

1991ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಇದಕ್ಕೆ ಇನ್ನೊಂದು ಕೊಂಡಿ ಸೇರಿತು: ‘ರಿಸ್ಟೋರ್’ ಅಂಗಡಿ. ಗುತ್ತಿಗೆದಾರರ ಬಳಿ ಮಿಕ್ಕ ಟೈಲ್ಸ್, ಗೋದಾಮಿನಲ್ಲಿ ಉಳಿದ ಸಿಂಕು, ಕೆಡವಿದ ಮನೆಯ ಗಟ್ಟಿ ಬಾಗಿಲು ಅಲ್ಲಿಗೆ ಬರುತ್ತವೆ, ಕಡಿಮೆ ಬೆಲೆಗೆ ಮಾರಾಟವಾಗುತ್ತವೆ, ಬಂದ ಹಣ ಮನೆ ಕಟ್ಟಲು ಹೋಗುತ್ತದೆ. ಕೊಟ್ಟವನಿಗೆ ಗೋದಾಮು ಖಾಲಿಯಾಯಿತು, ಕೊಂಡವನಿಗೆ ಅಗ್ಗವಾಯಿತು, ಮೂರನೆಯವನಿಗೆ ಸೂರಾಯಿತು.

ನಮ್ಮಲ್ಲಿ ಇಲ್ಲದ್ದು ಒಂದೇ

ಇದು ನಮಗೆ ಹೊರಗಿನ ವಿಚಾರವಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿ ಇತ್ತು, ಮಲೆನಾಡಿನ ಕೆಲವು ಕಡೆ ಇನ್ನೂ ಇದೆ. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಮನೆಯ ಹೆಂಚು ಇಳಿಸಲು ನೀನು. ಅಂಗಡಿಬೀದಿಗೂ ಕೊಡುವ ಅಭ್ಯಾಸವಿದೆ. ಗಣೇಶೋತ್ಸವಕ್ಕೆ, ಜಾತ್ರೆಯ ದಾಸೋಹಕ್ಕೆ, ತೇರಿನ ರಿಪೇರಿಗೆ ರಸೀದಿ ಪುಸ್ತಕ ಹಿಡಿದು ಹೋದರೆ ಬರಿಗೈಲಿ ಕಳಿಸುವ ವರ್ತಕರು ಕಡಿಮೆ. ಅಕ್ಕಿ ಕೊಡುವವರು ಅಕ್ಕಿ, ಪೆಂಡಾಲಿನವರು ಪೆಂಡಾಲು, ಲಾರಿ ಇದ್ದವರು ಲಾರಿ. ಅಮೆರಿಕಸ್‌ನ ಲೆಕ್ಕವೂ ಇದೇ. ಮನೆ ಕಟ್ಟುವುದಕ್ಕೆ ಅಂಥದೊಂದು ಸಮಿತಿ, ಅಂಥದೊಂದು ಪುಸ್ತಕ ನಮ್ಮಲ್ಲಿಲ್ಲ, ಅಷ್ಟೇ.

ದೊಡ್ಡ ಕಂಪನಿಗಳ ಮಾತು ಬೇರೆ. 2013ರ ಕಂಪನಿ ಕಾಯ್ದೆ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆನ್ನುತ್ತದೆ. 2018ರ ಕೊಡಗಿನ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಿಗೆ ಇನ್ಫೊಸಿಸ್ ಪ್ರತಿಷ್ಠಾನ ಜಂಬೂರಿನಲ್ಲಿ ಮನೆ ಕಟ್ಟಿಸಿಕೊಟ್ಟಿತು. ಅದು ದೊಡ್ಡ ಕೆಲಸವೇ. ಆದರೆ 5 ಕೋಟಿ ರೂಪಾಯಿ ಲಾಭ ಅಥವಾ 1,000 ಕೋಟಿ ವಹಿವಾಟಿನಂಥ ಮಿತಿ ದಾಟಿದವರಿಗಷ್ಟೇ ಆ ಕಾಯ್ದೆ ಅನ್ವಯ. ತಿಪಟೂರಿನ ಕೊಬ್ಬರಿ ಮಂಡಿ, ರಾಣೆಬೆನ್ನೂರಿನ ಬೀಜದಂಗಡಿಗೆ ಖರ್ಚು ಮಾಡಿ ಎಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಲಿಂಟಲ್‌ಗೆ ನಿಂತ ಮನೆಯನ್ನು ದಿನವೂ ದಾಟಿ ಹೋಗುವವರು ಮಾತ್ರ ಇವರೇ.

ಎಲ್ಲವನ್ನೂ ವರ್ತಕರ ಹೆಗಲಿಗೆ ಹೇರಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ನಿವೇಶನ, ಹಕ್ಕುಪತ್ರ, ರಸ್ತೆ, ನೀರು ಸರ್ಕಾರದ್ದೇ ಹೊಣೆ. ನೆಲದ ಬೆಲೆಯನ್ನು ಯಾವ ಹಾರ್ಡ್‌ವೇರ್ ಅಂಗಡಿಯೂ ಇಳಿಸಲಾರದು. ಕೊಡುವುದರಲ್ಲೂ ಜಾತಿ, ಪಕ್ಷ ನೋಡುವ ಅಪಾಯವಿದೆ. ಆದ್ದರಿಂದ ಯಾರ ಮನೆ ಮೊದಲು ಎಂಬುದನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ತೀರ್ಮಾನಿಸಬೇಕು, ಜಮಾ-ಖರ್ಚನ್ನು ಪಂಚಾಯಿತಿ ಗೋಡೆಗೆ ಅಂಟಿಸಬೇಕು. ಮುಂದಿನ ಕಂತು ಬರುವವರೆಗೆ ಬಡ್ಡಿಯಿಲ್ಲದೆ ಸಾಮಾನು ಕೊಟ್ಟು, ಕಂತು ಬಂದ ಮೇಲೆ ವಸೂಲು ಮಾಡಿಕೊಂಡರೂ ಸಾಕು. ಅದು ದಾನವೂ ಅಲ್ಲ, ಉದ್ರಿ ವ್ಯಾಪಾರ; ನಮ್ಮ ಅಂಗಡಿಗಳಿಗೆ ಹೊಸದಲ್ಲ.

ಈ ಲೇಖನ ಓದುತ್ತಿರುವ ವರ್ತಕರಲ್ಲಿ, ಗುತ್ತಿಗೆದಾರರಲ್ಲಿ ನನ್ನದೊಂದು ಕೋರಿಕೆ. ಈ ವಾರ ನಿಮ್ಮ ವಾರ್ಡಿನಲ್ಲಿ ಲಿಂಟಲ್‌ಗೆ ನಿಂತ ಒಂದು ಮನೆ ಹುಡುಕಿ. ಅದಕ್ಕೆ ಇನ್ನೆಷ್ಟು ಮೂಟೆ ಸಿಮೆಂಟು, ಎಷ್ಟು ಕಬ್ಬಿಣ ಬೇಕೆಂದು ಮೇಸ್ತ್ರಿಯಿಂದ ಬರೆಸಿಕೊಳ್ಳಿ. ಆ ಚೀಟಿ ಹಿಡಿದು ಪಕ್ಕದ ನಾಲ್ಕು ಅಂಗಡಿಗೆ ಹೋಗಿ. ಮುಂಗಾರಿಗೆ ಮುಂಚೆ ಆ ಮನೆಗೆ ಮೋಲ್ಡ್ ಬೀಳಲಿ.